ಒಂದನೇ ನಂಬರಿನ ಮೇಲೆ ಗೀಟು

ನಮ್ಮಜ್ಜಿಯ ಬಲಗಣ್ಣಿನ ಪೊರೆ ತೆಗೆಯುವ ತಾರೀಖನ್ನು ಆಸ್ಪತ್ರೆಯವರು ನಾಲ್ಕು ಸಲ ಮುಂದೆ ಹಾಕಿದರು. ನಾಲ್ಕೇ ಎಂದು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಎಲ್ಲವನ್ನೂ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಮೊದಲ ಸಲ ಡಾಕ್ಟರಿಗೆ ಜ್ವರ. ಎರಡನೆಯ ಸಲ ಯಂತ್ರಕ್ಕೆ ಜ್ವರ. (ಫೋನಿನಲ್ಲಿ ‘ತಾಂತ್ರಿಕ ಕಾರಣ’ ಎಂದರು. ಆದರೆ ಡಾಕ್ಟರ ಜ್ವರದ ಸುದ್ದಿ ಹೇಳಿದಾಗ ಇಲ್ಲದ ದುಃಖ ಈ ಸಲ ದನಿಯಲ್ಲಿತ್ತು.) ಮೂರನೆಯ ಸಲ ‘ತಾವು ಬರುವ ಅಗತ್ಯವಿಲ್ಲ’ ಎಂಬ ಪತ್ರ, ನಾವು ಹೋಗಿ ವಾಪಸು ಬಂದ ಎರಡು ದಿನಕ್ಕೆ ಕೈಸೇರಿತು. ನಾಲ್ಕನೆಯ ಸಲ ಡಾಕ್ಟರೇ ಕೆಲಸ ಬಿಟ್ಟು ಹೋದರು.

ಅಮ್ಮ ದುಡಿಯಲು ಹೋಗುತ್ತಾಳೆ. ಶಾಲೆ ಬಿಟ್ಟು ಮನೆಯಲ್ಲಿ ಕೂತವಳು ನಾನು. ಹಾಗಾಗಿ ಆಸ್ಪತ್ರೆಯ ಖಾತೆ ನನ್ನದು. ನನಗೋ ಫೋನೆಂದರೆ ಅಂಗೈ ಬೆವರುತ್ತದೆ. ಹೇಳಬೇಕಾದ್ದನ್ನೆಲ್ಲ ಮೊದಲು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ‘ನೀವು ಸಾಲಿನಲ್ಲಿ ಹತ್ತೊಂಬತ್ತನೆಯವರು’ ಎನ್ನುವ ಯಂತ್ರಕ್ಕೂ ‘ಪರವಾಗಿಲ್ಲ ಮೇಡಂ’ ಎನ್ನುತ್ತೇನೆ. ನಲವತ್ತು ನಿಮಿಷ ಕಾದು ನಿಜವಾದ ಮನುಷ್ಯರು ಬರುವ ಹೊತ್ತಿಗೆ ಚೀಟಿ ಬೆವರಿನಲ್ಲಿ ಕರಗಿ ಶಾಯಿಯ ಹೊಂಡವಾಗಿರುತ್ತದೆ.

ಅಜ್ಜಿಗೆ ಕಣ್ಣು ಬೇಕಿದ್ದದ್ದು ಟೀವಿ ನೋಡಲಿಕ್ಕಲ್ಲ, ಅಣಬೆಗೆ. ಸೆಪ್ಟೆಂಬರ್ ಬಂತೆಂದರೆ ನಮ್ಮ ಲುಬ್ಲಿನ್ ಊರಿನ ಅರ್ಧ ಜನ ಬುಟ್ಟಿ ಹಿಡಿದು ಕಾಡು ಹೊಗುತ್ತಾರೆ. ಅವರಲ್ಲಿ ನಮ್ಮಜ್ಜಿ ಲೆಯೊಕಾದಿಯಾ ಚಕ್ರವರ್ತಿನಿ. ಆದರೆ ಒಳ್ಳೆಯ ಅಣಬೆಯೂ ವಿಷದ ಅಣಬೆಯೂ ಒಂದೇ ಮಬ್ಬಾಗಿ ಕಾಣಲು ಶುರುವಾದ ಮೇಲೆ ಅಮ್ಮ ಅವಳನ್ನು ಕಾಡಿಗೆ ಬಿಟ್ಟಿರಲಿಲ್ಲ.

“ಎರಡು ವರ್ಷ ಆಯ್ತು ಕಣೇ ಬೋಗ್ನಾ,” ಎಂದು ಅಜ್ಜಿ ದಿನಕ್ಕೊಮ್ಮೆ ನನ್ನ ಬಳಿ ಗೊಣಗುತ್ತಿದ್ದಳು. “ಅಂಗಡೀಲಿ ಅಣಬೆ ಕೊಂಡ್ಕೊಂಡು ತಿಂತಾ ಇದ್ದೀನಿ. ಪ್ಲಾಸ್ಟಿಕ್ ಡಬ್ಬೀಲಿ! ಇದೂ ಒಂದು ಬದುಕಾ?”

ಕೊನೆಗೊಂದು ಪತ್ರ ಬಂತು. ಹೊಸ ಡಾಕ್ಟರು ಬಂದಿದ್ದಾರೆ. ತಾರೀಖು ತಪ್ಪಿದವರೆಲ್ಲ ಮೇ ಹನ್ನೆರಡರ ಸೋಮವಾರ ಬೆಳಿಗ್ಗೆ ಎಂಟಕ್ಕೆ ಖುದ್ದಾಗಿ ಬರಬೇಕು. ಸಾಲಿನ ಮೊದಲ ನಲವತ್ತು ಜನಕ್ಕೆ ಆಗಸ್ಟಿನೊಳಗೆ ಆಪರೇಷನ್. ಉಳಿದವರಿಗೆ ‘ಅನುಕೂಲ ನೋಡಿಕೊಂಡು’. (ಯಾರ ಅನುಕೂಲ ಎಂದು ಬರೆದಿರಲಿಲ್ಲ.)

ಆ ಸೋಮವಾರ ಮೊದಲ ಟ್ರಾಲಿಬಸ್ಸಿಗೇ ಹೊರಟೆವು. ಆರಕ್ಕೆ ಹತ್ತು ನಿಮಿಷವಿರುವಾಗ ಆಸ್ಪತ್ರೆಯ ಬಾಗಿಲಲ್ಲಿ ನಾವಿಬ್ಬರು ಮತ್ತು ಒಂದು ಪಾರಿವಾಳ.

“ಪಾರಿವಾಳಕ್ಕೆ ಪೊರೆ ಇಲ್ಲ ತಾನೆ? ಹಾಗಾದ್ರೆ ನಾವೇ ಫಸ್ಟು!” ಎಂದು ಅಜ್ಜಿ ಬೆಂಚಿನ ಮೇಲೆ ಸಿಂಹಾಸನವೇರಿದಂತೆ ಕೂತಳು. “ತೆಗಿ ನೋಟುಬುಕ್ಕು. ಪಟ್ಟಿ ಬರಿ.”

“ಯಾವ ಪಟ್ಟಿ ಅಜ್ಜಿ?”

ಅಜ್ಜಿ ನನ್ನ ಅಜ್ಞಾನಕ್ಕೆ ನಿಟ್ಟುಸಿರಿಟ್ಟಳು. ಅವಳ ಕಾಲದಲ್ಲಿ, ಅಂಗಡಿಗಳು ಖಾಲಿಯಾಗಿದ್ದಾಗ, ಒಂದು ಫ್ರಿಜ್ಜಿಗಾಗಿ ಮೂರು ವಾರ ಸಾಲು ನಿಂತಿದ್ದಳಂತೆ. ಸಾಲಿನವರೇ ಒಂದು ಪಟ್ಟಿ ಮಾಡಿಕೊಳ್ಳುವುದು, ಹೊತ್ತು ಹೊತ್ತಿಗೆ ಹಾಜರಿ ಕೂಗುವುದು, ಕೂಗಿದಾಗ ಇಲ್ಲದವರ ಹೆಸರಿಗೆ ಗೀಟು ಎಳೆದು ಸಾಲಿನ ಕೊನೆಗೆ ತಳ್ಳುವುದು.

“ಅರ್ಧ ಗಂಟೆಗೊಂದ್ಸಲ ಕೂಗು. ಯಾರಿಗೂ ದಯೆ ತೋರಿಸ್ಬೇಡ. ಒಬ್ಬರನ್ನ ಬಿಟ್ಟೆ ಅಂದ್ರೆ ಪಟ್ಟಿ ಸತ್ತ ಹಾಗೆ.”

‘೧. ಲೆಯೊಕಾದಿಯಾ ವ್ರುಬೆಲ್’ ಎಂದು ದುಂಡಗೆ ಬರೆದೆ. ಆಮೇಲೆ ಬಂದವರು ಬಂದಂತೆ ಹೆಸರು ಕೊಟ್ಟರು. ವಯಸ್ಸಾದವರಿಗೆ ಪಟ್ಟಿಯ ಮಾತು ಕೇಳಿದೊಡನೆ ಬೆನ್ನು ನೆಟ್ಟಗಾಯಿತು. ಒಬ್ಬರಂತೂ “ಆಹಾ, ಎಷ್ಟು ವರ್ಷ ಆಯ್ತು!” ಎಂದು ಕಣ್ಣೊರೆಸಿಕೊಂಡರು. ಆರೂಮುಕ್ಕಾಲಿಗೆ ನಲವತ್ತನಾಲ್ಕು ಹೆಸರು. ಆರೂವರೆಯ ಮೊದಲ ಹಾಜರಿ ಪಿಸುಮಾತಿನಲ್ಲಿ ನಡೆದಿತ್ತು; ಪಾರಿವಾಳ ಕೂಡ ಹಾರಲಿಲ್ಲ. ಆದರೆ ಏಳಕ್ಕೆ ಕೂಗುವಾಗ ನನ್ನ ಗಂಟಲಿನಿಂದ ಒಂದು ದನಿ ಬಂತು. ಅದು ನನ್ನದೇ ಎಂದು ಗೊತ್ತಾಗಲು ನಾಲ್ಕನೇ ನಂಬರಿನವರೆಗೆ ಬೇಕಾಯಿತು. ಜನ ‘ಇದ್ದೀನಿ’, ‘ಇದ್ದೀನಿ ಮಗಳೇ’ ಎನ್ನುತ್ತಿದ್ದರು. ಮನೆಯಲ್ಲಿ ನಾನು ಕರೆದರೆ ಬೆಕ್ಕೂ ತಿರುಗಿ ನೋಡುವುದಿಲ್ಲ.

ಒಂಬತ್ತನೇ ನಂಬರಿನ ತೆಯೊಫಿಲ್ ತಾತ ‘ಇದ್ದೀನಿ’ ಎನ್ನಲಿಲ್ಲ. ಮೂರು ಸಲ ಕೂಗಿ, ಸ್ಕೇಲು ಇಟ್ಟು ಗೀಟು ಎಳೆದೆ. ಎರಡು ನಿಮಿಷಕ್ಕೆ ಅವರು ಗೋಡೆಯ ಆಚೆಯಿಂದ ಸಿಗರೇಟು ಹಿಡಿದು ಬಂದರು.

“ಇಲ್ಲೇ ಇದ್ನಲ್ಲಮ್ಮಾ! ಗೋಡೆ ಮೇಲಿಂದ ಹೊಗೆ ಬರ್ತಿತ್ತಲ್ಲ, ಕಾಣಲಿಲ್ವಾ?”

“ಹೊಗೆಯ ಹೆಸರು ಪಟ್ಟಿಯಲ್ಲಿಲ್ಲ ತಾತ,” ಎಂದೆ. (ನಾನೇ ಅಂದೆ! ಇವತ್ತಿಗೂ ನಂಬಿಕೆಯಿಲ್ಲ.)

“ಭಲೇ ನನ್ನ ಮೊಮ್ಮಗಳೇ! ಕೊನೇಗೆ ಹೋಗ್ರೀ,” ಎಂದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅಜ್ಜಿ.

ತಾತ ಸಾಲಿನ ಕೊನೆಗೆ ಹೋದರು. ಅಲ್ಲಿಂದ ಮುಂದೆ ನನ್ನ ಆಡಳಿತ ಕಬ್ಬಿಣದ್ದಾಯಿತು. ‘ಬಾಗಿಲು ತೆಗೆದ ಕೂಡ್ಲೆ ಒಂದು ಮಾತು ಕೇಳ್ಕೊಂಡು ಬಂದ್ಬಿಡ್ತೀನಷ್ಟೆ’ ಎಂದು ಬಾಗಿಲ ಕಡೆ ಜಾರುತ್ತಿದ್ದ ಒಬ್ಬ ಹೆಂಗಸನ್ನು ಪೆನ್ಸಿಲು ತೋರಿಸಿಯೇ ತಡೆದೆ. ಏಳೂವರೆಯ ಹಾಜರಿಯಲ್ಲಿ ಒಬ್ಬರೂ ತಪ್ಪಲಿಲ್ಲ. ಬೀದಿಯಾಚೆಯ ಶೌಚಾಲಯಕ್ಕೆ ಹೋಗುವವರು ನನ್ನ ಅಪ್ಪಣೆ ಕೇಳುತ್ತಿದ್ದರು. ಕೊನೆಯ ಹೆಸರಿನ ಕೆಳಗೆ ಎರಡು ಸಾಲು ಬಿಟ್ಟು ಅಡಿಗೀಟು ಹಾಕಬೇಕೋ ಮೂರು ಬಿಡಬೇಕೋ ಎಂಬ ಗಹನವಾದ ಚಿಂತನೆಯಲ್ಲಿ ಮುಳುಗಿದ್ದ ನಾನು ಬೆಂಚಿನ ಕಡೆ ನೋಡಲೇ ಇಲ್ಲ.

ಎಂಟಕ್ಕೆ ಐದು ನಿಮಿಷ. ಕೊನೆಯ ಹಾಜರಿ. ಒಳಗೆ ಬೀಗದ ಕೈ ಗೊಂಚಲಿನ ಸದ್ದು. ಎಲ್ಲರೂ ಎದ್ದು ನಿಂತರು.

“ಒಂದು! ಲೆಯೊಕಾದಿಯಾ ವ್ರುಬೆಲ್!”

ಬೆಂಚಿನ ಮೇಲೆ ಅಜ್ಜಿಯ ಶಾಲು ಮಾತ್ರ ಇತ್ತು.

ಇನ್ನೊಮ್ಮೆ ಕೂಗಿದೆ. ಬೀದಿಯ ಎರಡೂ ತುದಿ ನೋಡಿದೆ. ಎರಡನೇ ನಂಬರಿನಿಂದ ಶುರು ಮಾಡಿಬಿಟ್ಟರೆ ಯಾರಿಗೆ ಗೊತ್ತಾದೀತು ಎನಿಸಿತು. ತಲೆಯೆತ್ತಿದರೆ ನಲವತ್ತಮೂರು ಜನ ನನ್ನನ್ನೇ ನೋಡುತ್ತಿದ್ದರು. ಎಲ್ಲರ ಕಣ್ಣಿಗೂ ಪೊರೆ. ಆದರೆ ಆ ಕ್ಷಣದಲ್ಲಿ ಎಲ್ಲರಿಗೂ ನಿಚ್ಚಳವಾಗಿ ಕಾಣುತ್ತಿತ್ತು.

“ಅವರು... ಅವರು ನಮ್ಮಜ್ಜಿ,” ಎಂದೆ.

“ನಾನೂ ಯಾರಿಗೋ ಅಜ್ಜನೇ ಕಣಮ್ಮಾ,” ಎಂದು ಸಾಲಿನ ಕೊನೆಯಿಂದ ತೆಯೊಫಿಲ್ ತಾತ ಸಮಾಧಾನವಾಗಿ ಹೇಳಿದರು. “ಕೂಗು, ಮೂರನೇ ಸಲ ಕೂಗು. ನ್ಯಾಯ ಅಂದ್ರೆ ಮೂರು ಸಲ.”

ಮೂರನೆಯ ಸಲ ಕೂಗಿದೆ. ಆ ಸಲ ಪಾರಿವಾಳ ಹಾರಿಹೋಯಿತು. ಸ್ಕೇಲು ಇಟ್ಟು ಒಂದನೇ ನಂಬರಿನ ಮೇಲೆ ಗೀಟು ಎಳೆದೆ. ನೇರವಾದ ಗೀಟು. ನನ್ನ ಬಾಳಿನಲ್ಲೇ ಅಷ್ಟು ನೇರವಾದ ಗೀಟು ಎಳೆದಿರಲಿಲ್ಲ.

ಬಾಗಿಲು ತೆರೆದು ಸಾಲು ಒಳಗೆ ಸರಿಯುತ್ತಿರುವಾಗ ಅಜ್ಜಿ ಏದುಸಿರು ಬಿಡುತ್ತ ಬಂದಳು. ಕೈಯಲ್ಲಿ ಬೇಕರಿಯ ಬಿಸಿ ಪೊಟ್ಟಣ. ಕರಿದ ಬನ್ನಿನ ಎಣ್ಣೆಯ ಕಲೆ, ಅದರೊಳಗಿನ ಗುಲಾಬಿ ಹೂವಿನ ಜಾಮ್ ವಾಸನೆ.

“ಬೆಳಿಗ್ಗೆಯಿಂದ ಏನೂ ತಿಂದಿಲ್ವಲ್ಲೇ ನೀನು. ಪೊಂಚ್ಕಿ ತಂದೆ, ತಗೊ. ಹತ್ತು ನಿಮಿಷದ ಕೆಲಸ ಅಂತ ಹೋದೆ. ಸಾಲಲ್ಲಿ ನನ್ನ ಮುಂದೆ ಒಬ್ಬ ಎತ್ತರದ ಗಂಡಸು, ಅಲ್ಲಾಡೋದೇ ಇಲ್ಲ! ಎಷ್ಟೋ ಹೊತ್ತಾದ್ಮೇಲೆ ಅಂಗಡಿಯವಳು ಹೇಳಿದ್ಲು, ಅದು ಐಸ್‌ಕ್ರೀಮ್ ಮಾರೋಕೆ ನಿಲ್ಸಿರೋ ರಟ್ಟಿನ ಬೊಂಬೆಯಂತೆ. ಸರಿ, ನಡಿ, ನಮ್ಮ ಜಾಗ ಎಲ್ಲಿ?”

ನೋಟುಬುಕ್ಕನ್ನು ಅವಳ ಮೂಗಿನ ಹತ್ತಿರ ಹಿಡಿದೆ. ಅಣಬೆ ಕಾಣದ ಆ ಕಣ್ಣಿಗೆ ಗೀಟು ಕಂಡಿತು.

ಅಜ್ಜಿ ನನ್ನನ್ನೊಮ್ಮೆ, ಸಾಲನ್ನೊಮ್ಮೆ ನೋಡಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ, “ಪಟ್ಟಿ ಅಂದ್ರೆ ಪಟ್ಟಿ!” ಎಂದು ಗದ್ದವೆತ್ತಿಕೊಂಡು ಹಿಂದಕ್ಕೆ ನಡೆದಳು.

“ಬನ್ನಿ ಅಕ್ಕಾ,” ಎಂದು ತೆಯೊಫಿಲ್ ತಾತ ಸರಿದು ಜಾಗ ಮಾಡಿಕೊಟ್ಟರು. “ಕೊನೇಲಿ ಗಾಳಿ ಚೆನ್ನಾಗಿದೆ.”

ಕೌಂಟರಿನ ಹೆಂಗಸು ನಲವತ್ತು ತಾರೀಖು ಹಂಚಿ ಮುಗಿಸಿದಳು. ತಾತನಿಗೆ ನವೆಂಬರ್ ಇಪ್ಪತ್ತೇಳು, ಅಜ್ಜಿಗೆ ಇಪ್ಪತ್ತೆಂಟು. ಅಷ್ಟು ಹೊತ್ತಿಗೆ ಕಾಡಿನಲ್ಲಿ ಅಣಬೆಯ ಜಾಗದಲ್ಲಿ ಹಿಮ ಇರುತ್ತದೆ. “ಇಷ್ಟು ಶಿಸ್ತಾದ ಸಾಲು ನಾನು ನೋಡೇ ಇರಲಿಲ್ಲ, ಯಾರು ಮಾಡಿದ್ದು?” ಎಂದು ಆಕೆ ಕೇಳಿದಾಗ ನಾನು ನೋಟುಬುಕ್ಕನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡೆ.

ವಾಪಸು ಬರುವಾಗ ಟ್ರಾಲಿಬಸ್ಸಿನಲ್ಲಿ ಅಜ್ಜಿ ಕಿಟಕಿ ಪಕ್ಕದ ಸೀಟು ಹಿಡಿದಳು. ನನಗೆಂದು ತಂದ ಪೊಂಚ್ಕಿಯನ್ನು ಪೊಟ್ಟಣದಿಂದ ತೆಗೆದು, ನನ್ನ ಮುಖ ನೋಡುತ್ತ, ಜಾಮು ಸಮೇತ ನಿಧಾನವಾಗಿ ತಾನೇ ತಿಂದಳು. ನಾಲ್ಕನೇ ನಿಲ್ದಾಣದಲ್ಲಿ ಬೆರಳು ಒರೆಸಿಕೊಂಡಳು.

“ಸೆಪ್ಟೆಂಬರ್‌ನಲ್ಲಿ ನಾನು ಕಾಡಿಗೆ ಹೋಗೋದೇ ಸೈ. ನಿಮ್ಮಮ್ಮನಿಗೆ ನಾನು ಹೇಳ್ಕೋತೀನಿ. ಕಣ್ಣಾಗಿ ನೀನು ಬರ್ತೀಯ.”

“ಅಜ್ಜಿ, ನನಗೆ ಯಾವುದು ವಿಷದ್ದು, ಯಾವುದು ಒಳ್ಳೇದು ಗೊತ್ತಾಗಲ್ಲ!”

“ಗೊತ್ತಾಗುತ್ತೆ. ಆರಿಸೋಳು ನೀನು, ಹುರಿಯೋಳು ನಾನು. ಮೊದಲ ತಟ್ಟೆ ನಿಂದು.”

“ನೀನು?”

“ನಾನು ಅವಸರ ಮಾಡಲ್ಲ. ಮಾರನೇ ದಿನ ಬೆಳಿಗ್ಗೆ ಎದ್ದು ನಿನ್ನ ಹೆಸರು ಕೂಗ್ತೀನಿ,” ಎಂದಳು ಅಜ್ಜಿ. “ಮೂರು ಸಲ. ನೀನು ‘ಇದ್ದೀನಿ’ ಅಂದ್ರೆ, ಆಮೇಲೆ ನಾನೂ ತಿಂತೀನಿ.”