ಹಿಂಡಿಯ ಅಗಸಿ ಮತ್ತು ಗುಂಗುರು ತಲೆ

ನನ್ನ ತಲೆ ನನ್ನ ಹಿಡಿತದಲ್ಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತಲೆಯ ಒಳಗಿನ ಮಾತು ಬಿಡಿ, ಅದನ್ನು ನನ್ನ ವಿದ್ಯಾರ್ಥಿಗಳು ಹೇಗೋ ಸಹಿಸಿಕೊಂಡಿದ್ದಾರೆ. ನಾನು ಹೇಳುತ್ತಿರುವುದು ಹೊರಗಿನದು. ನೇರ ಕೂದಲಿನವರು ಬೆಳಿಗ್ಗೆ ಎದ್ದು ತಲೆ ಬಾಚಿಕೊಳ್ಳುತ್ತಾರೆ. ಗುಂಗುರು ಕೂದಲಿನವರು ಬೆಳಿಗ್ಗೆ ಎದ್ದು, ನಾವು ಮಲಗಿದ್ದಾಗ ಏನೇನು ನಡೆಯಿತೆಂದು ಮೊದಲು ಕನ್ನಡಿಯನ್ನು ವಿಚಾರಿಸಬೇಕು. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಗುಡ್ಡ. ಹಿಂಭಾಗದಲ್ಲಿ ಏನಿದೆ ಎಂಬುದು ದೇವರಿಗೆ ಗೊತ್ತು. ಇಲ್ಲವೇ ನಾನು ಹಲಗೆಯ ಕಡೆ ತಿರುಗಿದಾಗ ಇಡೀ ತರಗತಿಗೆ ಗೊತ್ತು.

ಸಣ್ಣವಳಿದ್ದಾಗ ಎಲ್ಲರೂ ನನ್ನನ್ನು 'ಕುರಿ' ಎಂದು ಕರೆಯುತ್ತಿದ್ದರು ಎಂದು ಬರೆಯಲು ಹೊರಟಿದ್ದೆ. ಆದರೆ ನೆನಪಿನ ವಿಷಯದಲ್ಲಿ ನನಗೆ ನನ್ನ ಮೇಲೆ ಅಷ್ಟು ಭರವಸೆಯಿಲ್ಲ. ಎಲ್ಲರೂ ಎಂದರೆ ಯಾರು? ಕುಳಿತು ಯೋಚಿಸಿದರೆ ಓಣಿಯ ಗೆಳತಿಯೊಬ್ಬಳ ಮುಖ ಮಾತ್ರ ಎದುರಿಗೆ ಬರುತ್ತದೆ, ಅವಳು ಊರಿನವರನ್ನೆಲ್ಲ ಯಾವುದಾದರೂ ಒಂದು ಪ್ರಾಣಿಯ ಹೆಸರಿನಿಂದಲೇ ಕರೆಯುತ್ತಿದ್ದಳು. ಶಿಗ್ಗಾಂವಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವ ನನಗೆ ಎಲ್ಲದಕ್ಕೂ ಆಧಾರ ಕೇಳುವ ಚಟ. ದಿನಚರಿ ಬರೆಯುವ ಚಟವೂ ಇದೆ, ಆದರೆ ಬರೆದವಳು ನಾನೇ ಆದ್ದರಿಂದ ಅದನ್ನೂ ಪೂರ್ತಿ ನಂಬುವುದಿಲ್ಲ. ಧಾರವಾಡದಲ್ಲಿ ಎಂ.ಎ. ಓದುವಾಗ ಒಂದು ಪುಟದಲ್ಲಿ 'ಇವತ್ತು ಕೂದಲು ಹೇಳಿದ ಮಾತು ಕೇಳಿತು' ಎಂದು ಬರೆದಿದ್ದೇನೆ. ಕೇಳಿತೋ, ಅಥವಾ ಅಂದು ನಾನು ಕನ್ನಡಿಯನ್ನೇ ನೋಡಲಿಲ್ಲವೋ, ಈಗ ಹೇಳುವವರು ಯಾರು?

ಇಷ್ಟು ದಿನ ಇದು ನನ್ನೊಬ್ಬಳ ಕಷ್ಟವಾಗಿತ್ತು. ಈ ವರ್ಷ ಮಗಳು ಸೃಷ್ಟಿಯದೂ ಆಯಿತು. ಅವಳು ಪಿಯುಸಿ ಮೊದಲ ವರ್ಷ. ಮೂಗು ಅವಳಪ್ಪನದು, ಬಣ್ಣ ಅತ್ತೆಯವರದು, ಕೂದಲು ಮಾತ್ರ ನನ್ನದೇ, ಒಂದು ಸುರುಳಿಯೂ ಹೆಚ್ಚುಕಡಿಮೆಯಿಲ್ಲದಂತೆ. ಒಂದು ಸಂಜೆ ಚಹಾ ಕುಡಿಯುತ್ತ ಅವಳು ಘೋಷಿಸಿದಳು: "ಅವ್ವಾ, ನಾ ಹುಬ್ಬಳ್ಳಿ ಪಾರ್ಲರಿಗೆ ಫೋನ್ ಹಚ್ಚೇನಿ. ಕೂದ್ಲ ಸ್ಟ್ರೇಟ್ ಮಾಡಿಸ್ತೇನಿ. ಬರೂ ವಾರ ಬಾ ಅಂದಾರ."

ರಾಸಾಯನಿಕ ಕೆಟ್ಟದ್ದು, ಕಾದ ಇಸ್ತ್ರಿ ಕೂದಲಿಗೆ ಒಳ್ಳೆಯದಲ್ಲ, ಒಮ್ಮೆ ಸುಟ್ಟಿತೆಂದರೆ ಮತ್ತೆ ಮೊದಲಿನಂತಾಗುವುದಿಲ್ಲ ಎಂದೆಲ್ಲ ನಾನು ಉಪನ್ಯಾಸ ಕೊಟ್ಟೆ. ಅವೆಲ್ಲ ನಿಜವೇ, ಆದರೆ ನನ್ನ ಕಾರಣ ಅವಾಗಿರಲಿಲ್ಲ. ಅವಳು ಮೈಮೇಲೆ ಹೊತ್ತು ತಿರುಗುತ್ತಿದ್ದ ನನ್ನ ಗುರುತೆಂದರೆ ಆ ಕೂದಲೊಂದೇ. ಅದನ್ನು ಹುಬ್ಬಳ್ಳಿಯಲ್ಲಿ ಯಾರದೋ ಕೈಯಲ್ಲಿ ಇಸ್ತ್ರಿ ಮಾಡಿಸಿ ಅಳಿಸಿಬಿಡುತ್ತಾಳಲ್ಲ ಎಂಬುದೇ ನನ್ನ ಸಂಕಟ. ಹಾಗೆಂದು ಬಾಯಿಬಿಟ್ಟು ಹೇಳಲಾಗುತ್ತದೆಯೇ? ಹೇಳಿದರೆ "ಮತ್ತ ಶುರು ಆತು ನಿಂದು" ಎನ್ನುತ್ತಾಳೆ.

"ಗುಂಗುರು ಕೂದ್ಲನ ಸರಿಯಾಗಿ ಜ್ವಾಕಿ ಮಾಡಿದ್ರ ಎಷ್ಟು ಚಂದ ಕಾಣ್ತಾವ ಗೊತ್ತೈತೇನು?" ಎಂದೆ.

"ನಿನ್ನ ತಲಿ ನೋಡಿದ್ರ ಗೊತ್ತಾಗವಲ್ದು," ಎಂದಳು.

ಅಲ್ಲಿಗೆ ಪಂದ್ಯ ಕಟ್ಟಿದೆವು. ಮುಂದಿನ ರವಿವಾರ ಹಿರೇಕೆರೂರಿನ ಹತ್ತಿರದ ಹಳ್ಳಿಯಲ್ಲಿ ವರಸೆಯಲ್ಲಿ ನನಗೆ ತಂಗಿಯಾಗುವ ರೂಪಾಳ ಕುಬಸ. ಬಸುರಿಗೆ ಹೊಸ ಸೀರೆ, ಕುಬಸ ಉಡಿಸಿ, ಉಡಿ ತುಂಬಿ, ಐದು ಮಂದಿ ಮುತ್ತೈದೆಯರು ಆರತಿ ಮಾಡುವ ಕಾರ್ಯಕ್ರಮ. ನಮ್ಮ ಬಳಗದ ಹೆಂಗಸರೆಲ್ಲ ಸೇರುತ್ತಾರೆ. ನಾನು ಶಾಸ್ತ್ರೋಕ್ತವಾಗಿ ಕೂದಲಿನ ಆರೈಕೆ ಮಾಡಿಕೊಂಡು, ಬಿಟ್ಟುಕೊಂಡೇ ಅಲ್ಲಿಗೆ ಹೋಗಬೇಕು. ಯಾರಾದರೂ ಒಬ್ಬರು ತಾವಾಗಿಯೇ 'ಕೂದಲು ಚಂದ ಕಾಣತೈತಿ' ಎಂದರೆ ಸೃಷ್ಟಿ ಪಾರ್ಲರಿನ ಆಸೆ ಬಿಡಬೇಕು. ಯಾರೂ ಅನ್ನದಿದ್ದರೆ ಅವಳನ್ನು ನಾನೇ ಹುಬ್ಬಳ್ಳಿಗೆ ಕರೆದೊಯ್ಯಬೇಕು. "ನೀನಾಗಿ ಕೇಳಿ ಅನ್ನಿಸ್ಕೊಂಡ್ರ ಲೆಕ್ಕಕ್ಕಿಲ್ಲ," ಎಂದು ಅವಳು ಕರಾರನ್ನು ಬಿಗಿ ಮಾಡಿದಳು. ನನ್ನನ್ನು ಚೆನ್ನಾಗಿ ಬಲ್ಲ ಹುಡುಗಿ.

ಆ ವಾರವೆಲ್ಲ ನಾನು ಮೊಬೈಲಿನಲ್ಲಿ ಗುಂಗುರು ಕೂದಲಿನ ವಿಡಿಯೋಗಳನ್ನು ನೋಡಿದೆ. ಪಿಎಚ್‌.ಡಿ.ಗೂ ಇಷ್ಟು ಓದಿರಲಿಲ್ಲ. ಒಣ ಕೂದಲಿಗೆ ಹಣಿಗೆ ಮುಟ್ಟಿಸಬಾರದು, ಒದ್ದೆಯಿದ್ದಾಗ ಬೆರಳಿನಿಂದ ಸಿಕ್ಕು ಬಿಡಿಸಬೇಕು, ಟವೆಲಿನಿಂದ ತಿಕ್ಕಬಾರದು, ಕೂದಲನ್ನು ಕೆಳಗಿನಿಂದ ಮೇಲಕ್ಕೆ ಮುಷ್ಟಿಯಲ್ಲಿ ಹಿಂಡಬೇಕು, ರೇಷ್ಮೆಯ ದಿಂಬಿನ ಮೇಲೆ ಮಲಗಬೇಕು. ಒಂದೊಂದು ಸೂತ್ರ ತಿಳಿದಾಗಲೂ ಸೃಷ್ಟಿಗೆ ಓದಿ ಹೇಳುತ್ತಿದ್ದೆ. ಅವಳು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಗೋಡೆ ನೋಡುತ್ತಿದ್ದಳು. ರೇಷ್ಮೆಗೆಂದು ಹಳೆಯ ಇಳಕಲ್ ಸೀರೆಯ ಸೆರಗು ಕತ್ತರಿಸಿ ದಿಂಬಿಗೆ ಹೊದಿಸಿದೆ. ಯಜಮಾನರು ನನ್ನ ದಿಂಬನ್ನು ಬಹಳ ಹೊತ್ತು ನೋಡಿ, "ನಾ ಲಗ್ನ ಮಾಡಿಕೊಂಡ ದಿವಸ ನಿನಗೂ ಇಷ್ಟ ಛಲೋ ಸೀರಿ ಉಡಿಸಿದ್ದಿಲ್ಲ ಬಿಡು," ಎಂದರು. ಟವೆಲಿನ ಬದಲು ಹಳೆಯ ಬನಿಯನ್ ಕಟ್ಟಿಕೊಳ್ಳಬೇಕೆಂದಿತ್ತು, ಅವರದೇ ಬನಿಯನ್ ತಲೆಗೆ ಬಿಗಿದುಕೊಂಡು ಬಾಗಿಲು ತೆರೆದರೆ ಸಿಲಿಂಡರ್ ತಂದವನು ಅದನ್ನು ಇಳಿಸುವುದನ್ನೂ ಮರೆತು, "ಅಕ್ಕಾರ, ಭಾಳ ಪೆಟ್ಟು ಬಿದ್ದೈತೇನ್ರಿ?" ಎಂದ.

ಎಲ್ಲಕ್ಕಿಂತ ಮುಖ್ಯವಾದದ್ದು ಅಗಸೆಯ ಲೋಳೆ. ಅಗಸೆಬೀಜ ಕುದಿಸಿ, ಸೋಸಿ, ಆ ಲೋಳೆಯನ್ನು ಒದ್ದೆ ಕೂದಲಿಗೆ ಹಚ್ಚಿದರೆ ಸುರುಳಿಗಳು ಸುರುಳಿಗಳಾಗಿಯೇ ನಿಲ್ಲುತ್ತವಂತೆ. ವಿಡಿಯೋದ ಹುಡುಗಿ ಅದೇನೋ ದೂರದೇಶದ ಸಿದ್ಧೌಷಧ ಎನ್ನುವಂತೆ ಹೇಳುತ್ತಿದ್ದಳು. ನನಗೆ ನಗು ಬಂತು. ಅಗಸಿ! ನಮ್ಮ ಅಡುಗೆಮನೆಯಲ್ಲಿ ಉಪ್ಪು ತೀರಿದರೂ ತೀರಬಹುದು, ಅಗಸಿ ತೀರುವುದಿಲ್ಲ. ರೊಟ್ಟಿಯ ಜೊತೆ ಅಗಸಿ ಹಿಂಡಿ, ಅಂದರೆ ಅಗಸೆಯ ಚಟ್ನಿಪುಡಿ, ಇಲ್ಲದಿದ್ದರೆ ನಮ್ಮ ಅತ್ತೆಯವರಿಗೆ ಊಟ ಮಾಡಿದ್ದೇ ನೆನಪಿರುವುದಿಲ್ಲ. ಕಲಿತವಳೆಂಬ ಗರ್ವಕ್ಕೆ ಈಗ ಮನೆಯ ಗರ್ವವೂ ಸೇರಿ, ರವಿವಾರ ಬೆಳಗಿನ ಗಡಿಬಿಡಿಯಲ್ಲಿ ಡಬ್ಬಿಯಿಂದ ಒಂದು ಬಟ್ಟಲು ಅಗಸಿ ತೆಗೆದು ಕುದಿಯಲು ಇಟ್ಟೆ. ಲೋಳೆ ಸ್ವಲ್ಪ ಕೆಂಪಗೆ ಬಂತು. ಊರ ಅಗಸಿಯ ಬಣ್ಣವೇ ಹೀಗಿರಬೇಕೆಂದುಕೊಂಡು ತಲೆ ತುಂಬ ಹಚ್ಚಿ, ಹಿಂಡಿ, ಬನಿಯನ್ ಕಟ್ಟಿ, ಬಿಚ್ಚಿದೆ.

ಏನು ಹೇಳಲಿ! ಸುರುಳಿ ಸುರುಳಿಯಾಗಿ ಇಳಿದಿದ್ದವು. ನಾನು ತಲೆ ಅಲ್ಲಾಡಿಸಿದರೆ ಅವೂ ಅಲ್ಲಾಡಿ ಮತ್ತೆ ತಮ್ಮ ಜಾಗಕ್ಕೆ ಬರುತ್ತಿದ್ದವು. ಇದು ನೆನಪಿನ ಮಾತಲ್ಲ, ಫೋಟೋ ಇದೆ. ಸೃಷ್ಟಿ ಕೂಡ ಒಂದು ಕ್ಷಣ ನೋಡಿ, "ಹ್ಞೂಂ," ಎಂದಳು. ಆಗಲೇ ಒಳಗಿನಿಂದ ಅತ್ತೆಯವರ ದನಿ ಬಂತು: "ಹಿಂಡಿಗಂತ ಬಳ್ಳೊಳ್ಳಿ, ಜೀರಗಿ, ಖಾರದ ಕೂಡ ಹುರಿದಿಟ್ಟ ಅಗಸಿ ಯಾರ ತಗದ್ರು?"

ತಲೆ ತೊಳೆಯಲು ಹೊತ್ತಿರಲಿಲ್ಲ, ಬಸ್ಸಿನ ಸಮಯವಾಗಿತ್ತು. ಹಾನಗಲ್ಲಿನವರೆಗೆ ಕಿಟಕಿ ಮುಚ್ಚಿಸಿಯೇ ಕುಳಿತೆ. ಗಾಳಿಗೆ ಸುರುಳಿ ಕೆದರಬಾರದು. ಆ ಸೆಕೆಯಲ್ಲಿ ನನ್ನ ತಲೆ ನಿಧಾನವಾಗಿ ಪರಿಮಳ ಬಿಡತೊಡಗಿತು. ಹಿಂದಿನ ಸೀಟಿನ ಹೆಂಗಸು ತನ್ನ ಗಂಡನಿಗೆ, "ಯಾರೋ ಬುತ್ತಿ ಬಿಚ್ಚ್ಯಾರ ನೋಡ್ರಿ, ನನಗೂ ಹಸಿವಾತು," ಎಂದಳು. ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟವನು ಮೂಗರಳಿಸಿ, "ಅಕ್ಕಾರ, ರೊಟ್ಟಿ ಎಲ್ಲಿಟ್ಟೀರಿ?" ಎಂದ. ಸೃಷ್ಟಿ ಕಿಟಕಿಯ ಕಡೆ ಮುಖ ಮಾಡಿ ಭುಜ ಕುಣಿಸುತ್ತ ನಗುತ್ತಿದ್ದಳು. ಹಾನಗಲ್ಲಿನಲ್ಲಿ ಬಸ್ಸು ಬದಲಿಸಿದೆವು, ಪರಿಮಳವನ್ನು ಬದಲಿಸಲಾಗಲಿಲ್ಲ.

ಕುಬಸದ ಮನೆಯಲ್ಲಿ ಮೊದಲು ಎದುರಾದವಳು ಗಂಗವ್ವ ದೊಡ್ಡವ್ವ, ನಮ್ಮವ್ವನ ಅಕ್ಕ. ಬಳಗದಲ್ಲಿ ಅವಳ ಮಾತೇ ಕೊನೆಯ ಮಾತು. ಅವಳು ನನ್ನನ್ನು ಕೆಳಗಿನಿಂದ ನೋಡುತ್ತ ಬಂದು ತಲೆಯ ಬಳಿ ನಿಂತಳು. ನಾನು ಸೃಷ್ಟಿಯ ಕಡೆ ನೋಡಿದೆ. ಈಗ ಬರುತ್ತದೆ ಹೊಗಳಿಕೆ ಎಂದು ಉಸಿರು ಬಿಗಿಹಿಡಿದೆ.

"ಯಾಕವಾ," ಎಂದಳು ದೊಡ್ಡವ್ವ, "ಮೈಯಾಗ ಆರಾಮಿಲ್ಲೇನು? ತಲಿ ಬಾಚಿಕೊಳ್ಳಾಕೂ ಆಗಿಲ್ಲಲ್ಲ."

"ದೊಡ್ಡವ್ವ, ಇದು ಹಿಂಗ ಬಿಡೂದು. ಅಜ್ಜಿದು ಇರಲಿಲ್ಲೇನು, ಗುಂಗುರು ಗುಂಗುರಾಗಿ, ಸೊಂಟದ ಮಟ?" ನಾನು ಸೃಷ್ಟಿಗೆ ಎಷ್ಟೋ ಸಲ ವರ್ಣಿಸಿದ ಚಿತ್ರ ಅದು: ಹಿತ್ತಲಲ್ಲಿ ಕುಳಿತು ಎರಿಮಣ್ಣಿನಿಂದ ತಲೆ ತೊಳೆದುಕೊಂಡು, ಬಿಸಿಲಿಗೆ ಕೂದಲು ಹರವಿದ ಅಜ್ಜಿ.

"ಯಾರ ಅಜ್ಜಿದು? ನಮ್ಮವ್ವಂದೇನು?" ದೊಡ್ಡವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. "ಇಲಿ ಬಾಲ ಇದ್ದಂಗ ಇತ್ತಲೇ ಆಕಿ ಹೆರಳು! ಗುಂಗುರು ಇದ್ದದ್ದು ನಿಮ್ಮಜ್ಜಂದು. ಅದಕ ಅಂವ ಯಾವಾಗೂ ರುಮಾಲು ಸುತಗೊಂಡ ಇರ್ತಿದ್ದ."

ಹಾಗಾದರೆ ಹಿತ್ತಲಲ್ಲಿ ಕೂದಲು ಹರವಿ ಕುಳಿತವರು ಯಾರು? ರುಮಾಲು ಬಿಚ್ಚಿದ ಅಜ್ಜನೇ? ನಾನು ಯೋಚಿಸುವಷ್ಟರಲ್ಲಿ ಒಳಗಿನಿಂದ ಕರೆ ಬಂತು. ಆರತಿಯ ಐವರು ಮುತ್ತೈದೆಯರಲ್ಲಿ ನಾನೂ ಒಬ್ಬಳು.

"ಕೂದ್ಲಾ ಬಿಟಗೊಂಡು ಆರತಿ ಮಾಡಾಕ ಬರೂದಿಲ್ಲ. ಕುಂದರು ಇಲ್ಲೆ," ಎಂದು ದೊಡ್ಡವ್ವ ನನ್ನ ಭುಜ ಒತ್ತಿ ಚಾಪೆಯ ಮೇಲೆ ಕೂರಿಸಿದಳು. ಬಸುರಿಯ ಎದುರು ಹಠ ಮಾಡಬಾರದು. ಆರತಿಯ ತಟ್ಟೆಯಲ್ಲಿ ದೀಪ ಉರಿಯುತ್ತಿತ್ತು. "ದೊಡ್ಡವ್ವ, ಒಣ ಕೂದ್ಲಕ್ಕ ಹಣಿಗಿ..." ಎನ್ನುವಷ್ಟರಲ್ಲಿ ಹಣಿಗೆ ಇಳಿದಿತ್ತು. ಒಂದು ವಾರದ ವಿದ್ಯೆ ಅಲ್ಲಿ ಎಳೆ ಎಳೆಯಾಗಿ ಹರಿಯಿತು. ಮೊದಲ ಏಟಿಗೆ ಸುರುಳಿಗಳೆಲ್ಲ ಸಿಡಿದು ತಲೆ ಹತ್ತಿಯ ಮೂಟೆಯಾಯಿತು. "ಇದೇನ ಬಣವಿ!" ಎಂದು ಯಾರೋ ನಕ್ಕರು. ದೊಡ್ಡವ್ವ ಅಂಗೈ ತುಂಬ ಕೊಬ್ಬರಿ ಎಣ್ಣೆ ಸುರಿದು, ತಿಕ್ಕಿ, ಎಳೆದು, ನನ್ನ ಹುಬ್ಬುಗಳೂ ಮೇಲಕ್ಕೆ ಹೋಗುವಷ್ಟು ಬಿಗಿಯಾಗಿ ಒಂದು ಹೆರಳು ಹಾಕಿದಳು. ನಡುನಡುವೆ ಮೂಸಿ, "ಅಗಸಿ ಹಿಂಡಿ ಹಚಗೊಂಡಿಯೇನ ತಲಿಗೆ? ಏನೇನ ಕಲಸ್ತಾರವಾ ನಿಮ್ಮ ಕಾಲೇಜಿನಾಗ!" ಎಂದಳು. ಕೊನೆಗೆ ಮಲ್ಲಿಗೆಯ ಮಾಲೆ ಮುಡಿಸಿ ಎಬ್ಬಿಸಿದಳು.

ಅದೇ ಹೊತ್ತಿಗೆ ಪಡಸಾಲೆಯ ಹೆಂಗಸರೆಲ್ಲ ಒಂದೇ ಬಾಯಿಯಿಂದ, "ಈಗ ನೋಡ, ಎಷ್ಟ ಚಂದ ಕಾಣತೈತಿ ತಲಿ! ಮುಖಾನ ಬ್ಯಾರೆ ಆತು!" ಎಂದರು. ಯಾರೂ ಕೇಳಿರಲಿಲ್ಲ. ತಾವಾಗಿಯೇ ಅಂದರು.

ಆರತಿಯಾಯಿತು, ಉಡಿ ತುಂಬಿದ್ದಾಯಿತು. ದೊಡ್ಡವ್ವನ ಕೈಯಲ್ಲಿ ಹಣಿಗೆ ಇನ್ನೂ ಇತ್ತು. ಹಣಿಗೆ ಹಿಡಿದವಳಿಗೆ ಇನ್ನೊಂದು ತಲೆ ಬೇಕು. ರಬ್ಬರ್ ಹಾಕಿ ಅರ್ಧ ಬಿಟ್ಟುಕೊಂಡಿದ್ದ ಸೃಷ್ಟಿ ಕಣ್ಣಿಗೆ ಬಿದ್ದಳು. "ಬಾರ ಪುಟ್ಟಿ, ನಿಂದೂ ಅವ್ವನಂಗ ಸಾಪ ಮಾಡಿ ಬಿಡ್ತೇನಿ."

ಸೃಷ್ಟಿ ಎರಡೂ ಕೈಯಿಂದ ತಲೆ ಹಿಡಿದುಕೊಂಡು ಗೋಡೆಗೆ ಒತ್ತಿ ನಿಂತಳು. "ಬ್ಯಾಡ್ರಿ ಅಜ್ಜಿ! ಒಣ ಕೂದ್ಲಕ್ಕ ಹಣಿಗಿ ಮುಟ್ಟಸಬಾರದ್ರಿ! ನೀರ ಹಚ್ಚಿ ಬೆರಳಿಂದ ಬಿಡಿಸಬೇಕ್ರಿ, ಕೆಳಗಿಂದ ಮ್ಯಾಲ ಹಿಂಡಬೇಕ್ರಿ, ಟವೆಲ್ಲೂ ಹಚ್ಚಬಾರದ್ರಿ!" ನಾನು ಗೋಡೆಗೆ ಹೇಳಿದೆನೆಂದುಕೊಂಡ ಪಾಠವೆಲ್ಲ ಒಂದಕ್ಷರ ಬಿಡದೆ ಹೊರಗೆ ಬಂತು.

"ಅವ್ವಗ ತಕ್ಕ ಮಗಳು," ಎಂದಳು ದೊಡ್ಡವ್ವ. "ಹೋಗ, ಹಂಗಾದ್ರ ನೀನ ಹಾಕ್ಕೊಂಡ ಬಾ. ಹೆರಳಂತೂ ಆಗಬೇಕು." ಸೃಷ್ಟಿ ಹಿತ್ತಲಿಗೆ ಹೋಗಿ, ನೀರು ಮುಟ್ಟಿಸಿ, ಬೆರಳಲ್ಲೇ ಬಿಡಿಸಿ, ಸಡಿಲವಾಗಿ ಹೆರಳು ಹಾಕಿಕೊಂಡು ಬಂದಳು. ಹಣೆಯ ಮೇಲೆ, ಕಿವಿಯ ಬಳಿ ಸಣ್ಣ ಸುರುಳಿಗಳು ಇಣುಕುತ್ತಿದ್ದವು. ಯಾರೂ ಚಂದ ಎನ್ನಲಿಲ್ಲ. ಒಬ್ಬ ಮುದುಕಿ 'ಗುಬ್ಬಿ ಗೂಡು' ಎಂದಳು. ಸೃಷ್ಟಿ ನಕ್ಕು ಊಟಕ್ಕೆ ಕುಳಿತಳು.

ಮರಳಿ ಬರುವಾಗ ಬಸ್ಸಿನಲ್ಲಿ ನಾನೇ ವಿಷಯ ತೆಗೆದೆ. ಸೋತದ್ದನ್ನು ಬೇಗ ಒಪ್ಪಿಕೊಂಡರೆ ನೋವು ಕಡಿಮೆ ಎಂದು ಕೇಳಿದ್ದೇನೆ. "ಚಂದ ಅಂತ ಅಂದ್ರು ಖರೆ, ಆದ್ರ ಸಾಪ ಮಾಡಿದ ಮ್ಯಾಲ ಅಂದ್ರು. ನೀ ಗೆದ್ದಿ. ಹುಬ್ಬಳ್ಳಿಗೆ ಹೋಗೂಣು."

ಸೃಷ್ಟಿ ಕಿವಿಯ ಬಳಿಯ ಒಂದು ಸುರುಳಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಾ ಮಾಡಸೂದಿಲ್ಲ," ಎಂದಳು. "ಆ ಅಜ್ಜಿ ಹಣಿಗಿ ಹಿಡಕೊಂಡು ಬಂದಾಗ ನನಗ ಎಷ್ಟ ಸಿಟ್ಟ ಬಂತಂದ್ರ, ಇವು ನನ್ನ ಕೂದ್ಲ, ಯಾಕ ಮುಟ್ಟಬೇಕು ಅನ್ನಿಸ್ತು. ಪಾರ್ಲರಿನವರೂ ಹಿಂಗ ಎಳೀತಾರಲ್ಲ."

ನನ್ನ ಕಣ್ಣು ತುಂಬಿ ಬಂತು. ಹೆರಳಿನ ಬಿಗಿಗೆ ಮೊದಲೇ ನೀರಾಡುತ್ತಿದ್ದರಿಂದ ಎಷ್ಟು ಪಾಲು ಯಾವುದರದು ಎಂದು ಈಗ ಹೇಳಲಾರೆ. ಇಷ್ಟು ದಿನದ ಶ್ರಮ ಸಾರ್ಥಕವಾಯಿತೆಂದು, ತಾಯಿ ಮಗಳು ಇಬ್ಬರೂ ನಮ್ಮ ಸುರುಳಿಗಳನ್ನು ಹೊತ್ತು ತಲೆಯೆತ್ತಿ ನಡೆಯೋಣ ಎಂದು ನಾನೊಂದು ಭಾಷಣ ಕೂಡಿಸುತ್ತಿದ್ದೆ. ಸೃಷ್ಟಿ ಮೊಬೈಲು ತೆರೆದು ಕುಬಸದ ಮನೆಯ ಫೋಟೋ ತೋರಿಸಿದಳು. ಮಲ್ಲಿಗೆ ಮುಡಿದು ಆರತಿ ಹಿಡಿದು ನಿಂತ, ನುಣ್ಣಗಿನ ತಲೆಯ ಒಬ್ಬ ಹೆಂಗಸು. ಅವಳು ನಾನೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನಿಜ ಹೇಳಬೇಕೆಂದರೆ, ಚೆನ್ನಾಗಿದ್ದಳು.

"ಪಾರ್ಲರಿನವರಿಗೆ ಬರ್ತೇನಿ ಅಂತ ಹೇಳಿಬಿಟ್ಟೇನಿ," ಎಂದಳು ಸೃಷ್ಟಿ, ಫೋಟೋ ದೊಡ್ಡದು ಮಾಡುತ್ತ. "ಸುಳ್ಳಾಗಬಾರದು ನೋಡು. ನನ್ನ ಬದ್ಲಿ ನೀ ಮಾಡಿಸ್ಕೊಂತೀಯೇನು?"

ರಾಸಾಯನಿಕ, ಕಾದ ಇಸ್ತ್ರಿ, ವಂಶದ ಗುರುತು ಎಲ್ಲವೂ ಒಟ್ಟಿಗೆ ನನ್ನ ನಾಲಗೆಯ ತುದಿಗೆ ಬಂದವು. ನಾನು ಅವುಗಳನ್ನು ತಡೆದು, ಅಕ್ಕಪಕ್ಕದ ಸೀಟಿನವರಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಕೇಳಿದೆ:

"ಒಮ್ಮೆ ಮಾಡಿಸಿದ್ರ ಎಷ್ಟು ತಿಂಗಳು ನಿಲ್ಲತೈತಂತ?"