ಇಂದುವರ್ಮನೂ ನನ್ನ ಹೆಸರೂ

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅಂತಸ್ತು ಬೇಕು. ಎದುರುಮನೆಯವನು ಹೊಸ ಕಾರು ತಂದಾಗ, ಬಾಜೂ ಅಂಗಡಿಯವನಿಗೆ ಗಿರಾಕಿ ಹೆಚ್ಚಾದಾಗ ಹೊಟ್ಟೆ ಉರಿದರೆ ಜನ ಅರ್ಥ ಮಾಡಿಕೊಳ್ಳುತ್ತಾರೆ. ಚಹಾ ಕುಡಿಯುತ್ತ ತಮ್ಮದೂ ನಾಲ್ಕು ಮಾತು ಸೇರಿಸುತ್ತಾರೆ. ಆದರೆ ನನ್ನ ಹೊಟ್ಟೆ ಉರಿಯುತ್ತಿದ್ದದ್ದು ಒಬ್ಬ ಚಾಲುಕ್ಯ ಸರದಾರನ ಮೇಲೆ. ಅವನು ಇದ್ದಿದ್ದರೆ ಸಾವಿರದ ಚಿಲ್ಲರೆ ವರ್ಷಗಳ ಹಿಂದೆ ಇರಬೇಕಿತ್ತು. ಖರೆ ಹೇಳಬೇಕೆಂದರೆ ಹುಟ್ಟಿಯೇ ಇಲ್ಲ, ಕಾದಂಬರಿಯೊಳಗಿನವನು. ಬಾಗಲಕೋಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡು ನಾಲ್ಕು ಮಂದಿಗೆ ಲೋಕ ಸರಿಯಾಗಿ ಕಾಣುವಂತೆ ಮಾಡುವ ನಾನು ಇದನ್ನು ಯಾರ ಮುಂದೆ ಹೇಳಲಿ? ಹಾಗಾಗಿ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ನನ್ನ ಹೆಂಡತಿ ಗಿರಿಜಾ ಒಂದು ಕಾನ್ವೆಂಟ್ ಶಾಲೆಯಲ್ಲಿ ಟೀಚರು. ಡಿಸೆಂಬರ್ ಕೊನೆಗೆ ಅವಳಿಗೆ ಕ್ರಿಸ್‌ಮಸ್ ರಜೆ. ಅವಳ ಪ್ರಕಾರ ವರ್ಷದಲ್ಲಿ ನಿಜವಾದ ಹಬ್ಬ ಅದೊಂದೇ. ಯುಗಾದಿಗೆ ಬೇವು, ದೀಪಾವಳಿಗೆ ಕರಜಿಕಾಯಿ, ಪಂಚಮಿಗೆ ಉಂಡಿ, ಎಲ್ಲದಕ್ಕೂ ಅವಳ ಸೊಂಟವೇ ಬೀಳಬೇಕು. ದಸರಾ ರಜೆ ಮನೆ ಬಳಿಯುವುದರಲ್ಲಿ ಹೋಗುತ್ತದೆ, ಬೇಸಿಗೆ ರಜೆ ನೆಂಟರ ಪಾಲು. ಕ್ರಿಸ್‌ಮಸ್‌ಗೆ ಮಾತ್ರ ನಮ್ಮ ಮನೆಯಲ್ಲಿ ಹೂರಣ ಅರೆಯಬೇಕಿಲ್ಲ, ಯಾರೂ ಉಣ್ಣಲಿಕ್ಕೆ ಬರುವುದಿಲ್ಲ. ಶಾಲೆಯಲ್ಲಿ ಕೊಟ್ಟ ಕೇಕಿನ ಡಬ್ಬಿ ಒಂದು ಕೈಯಲ್ಲಿ, ಗ್ರಂಥಾಲಯದಿಂದ ತಂದ ಐತಿಹಾಸಿಕ ಪ್ರೇಮ ಕಾದಂಬರಿ ಇನ್ನೊಂದು ಕೈಯಲ್ಲಿ. ಮಾಳಿಗೆಯ ಮೇಲೆ ಎಳೆಬಿಸಿಲಿಗೆ ಕೌದಿ ಹೊದ್ದು ಕೂತಳೆಂದರೆ ಮುಗಿಯಿತು. ಕೆಳಗೆ ನಾನು ತಂಗಳ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ಹಬ್ಬ ಮಾಡುತ್ತೇನೆ.

ರೊಟ್ಟಿ ತಂಗಳಾದದ್ದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಆ ಪುಸ್ತಕದೊಳಗಿನ ಗಂಡಸರ ಬಗ್ಗೆ. ಹೋದ ವರ್ಷ ಇದೇ ರಜೆಯಲ್ಲಿ ಬಾದಾಮಿಗೆ ಹೋಗಿದ್ದೆವು. ಗುಹೆಯ ಬಾಗಿಲಲ್ಲಿ ನಿಂತ ಒಬ್ಬ ಕಲ್ಲಿನ ದ್ವಾರಪಾಲಕನ ಭುಜವನ್ನು ಇವಳು ಬಹಳ ಹೊತ್ತು ನೋಡಿದಳು. ಆಮೇಲೆ, ಆ ವರ್ಷ ಓದುತ್ತಿದ್ದ ನಾಯಕ ಹೀಗೇ ಇದ್ದಿರಬೇಕು ಎಂದಳು. ಆಮೇಲೆ ಹೊರಳಿ ನನ್ನನ್ನು ನೋಡಿದಳು. ನಾನು ಆಗ ಕಲಾದಗಿಯ ಚಿಕ್ಕು ಹಣ್ಣಿಗಾಗಿ ಒಂದು ಮಂಗನ ಜೊತೆ ಜಗ್ಗಾಡುತ್ತಿದ್ದೆ. ಚಿಕ್ಕು ಮಂಗನಿಗೇ ಹೋಯಿತು. ಗಿರಿಜಾಳ ಆ ನೋಟದ ಉರಿ ನನಗೆ ಇನ್ನೂ ಆರಿಲ್ಲ.

ಈ ವರ್ಷದವನು ಇಂದುವರ್ಮ. ಬೆಳಿಗ್ಗೆ ಎದ್ದರೆ ಇಂದುವರ್ಮ, ಚಹಾ ಸೋಸುವಾಗ ಇಂದುವರ್ಮ. 'ಇಂದುವರ್ಮ ಕುದರಿ ಹತ್ತಿದಾ', 'ಇಂದುವರ್ಮ ಉಪವಾಸ ಅದಾನ'. ನನ್ನನ್ನು ಎಂದೂ ಅಷ್ಟು ಬಾಯಿ ತುಂಬ ಕರೆದವಳಲ್ಲ ಎಂಬುದೇ ನನ್ನ ಸಂಕಟ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಿಡಿಯುವುದಿಲ್ಲ. ನಾನು 'ರೀ', 'ಇವರು', 'ಕೇಳಿಲ್ಲೇನು'. ಅವಳ ಮೊಬೈಲಿನಲ್ಲಿ 'ಮನಿಯವರು'. ಮದುವೆಯಲ್ಲೋ ಕುಬುಸದಲ್ಲೋ ಹೆಂಗಸರು ಅಡ್ಡಗಟ್ಟಿ ಕಾಡಿದಾಗ ಮಾತ್ರ ಒಡಪು ಹಾಕಿ, ಎರಡು ಸಾಲಿನ ಪ್ರಾಸದೊಳಗೆ ಗಂಡನ ಹೆಸರನ್ನು ಸೇರಿಸಿ ಹೇಳಬೇಕು. ನಮ್ಮ ಮದುವೆಯಲ್ಲಿ ಗಿರಿಜಾ ಹೊಸ್ತಿಲಲ್ಲಿ ನಿಂತು ಹೇಳಿದಳಂತೆ. ತುಟಿ ಅಲುಗಿದ್ದು ಕಂಡೆ. ಅದೇ ಗಳಿಗೆಗೆ ಬ್ಯಾಂಡಿನವರು ಬಾರಿಸಿಬಿಟ್ಟರು. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ಕಾರ್ಯದಲ್ಲೂ ಅವಳು ಅಡುಗೆಮನೆಗೆ ನುಸುಳಿ ಪಾರಾಗಿದ್ದಾಳೆ. ಬಸಲಿಂಗಪ್ಪ ಎನ್ನುವುದೇನು ಹಲ್ಲಿಗೆ ಸಿಕ್ಕಿಕೊಳ್ಳುವ ಹೆಸರೇ? ಒಮ್ಮೆ, ಒಂದೇ ಒಂದು ಸಲ, ಅವಳ ಬಾಯಲ್ಲಿ ಅದನ್ನು ಕೇಳಬೇಕೆಂದು ನನಗೆ ಆಸೆ. ಯಾವನೋ ಇಂದುವರ್ಮನಿಗೆ ದಿನಾ ಪುಕ್ಕಟೆ ಸಿಗುವುದು ನನಗೆ ಒಮ್ಮೆಯೂ ಸಿಗಬಾರದೇ?

ಆ ಅವಕಾಶ ಇಲಕಲ್ಲಿನಲ್ಲಿ ಬಂತು. ಗಿರಿಜಾಳ ಚಿಕ್ಕಪ್ಪನ ಮಗಳ ಕುಬುಸ, ಅಂದರೆ ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ ಉಡಿ ತುಂಬುವ ಕಾರ್ಯ. ಕಾರಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಇವಳ ಮೂಗು ಪುಸ್ತಕದಲ್ಲೇ. ಹುನಗುಂದದಲ್ಲಿ ಚಹಾಕ್ಕೆ ನಿಲ್ಲಿಸಿದರೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಏನಾಯಿತೆಂದು ಗಾಬರಿಯಿಂದ ಕೇಳಿದೆ.

"ಇಂದುವರ್ಮಗ ವಿಷದ ಬಾಣ ಬಡದೈತ್ರಿ. ಉಳಿತಾನೋ ಇಲ್ಲೋ."

ನಾನು ಅಯ್ಯೋ ಪಾಪ ಎಂದೆ. ಒಳಗೊಳಗೇ ಹಿಗ್ಗಿ ಮಿರ್ಚಿ ಭಜಿ ಇನ್ನೊಂದು ಪ್ಲೇಟು ಹೇಳಿದೆ.

ಇಲಕಲ್ಲಿನಲ್ಲಿ ಗಿರಿಜಾಳ ಅಕ್ಕ ಸರೋಜಕ್ಕನನ್ನು ಬದಿಗೆ ಕರೆದು ನನ್ನ ಆಸೆ ಹೇಳಿಕೊಂಡೆ. ನಕ್ಕು ನಕ್ಕು ಸಾಕಾದ ಮೇಲೆ ಆಕೆ ಒಪ್ಪಿದಳು. "ಇವತ್ತ ಅಕಿನ್ನ ಬಿಡಂಗಿಲ್ಲ, ಬಾಗಲಾ ಹಾಕಿಸಿ ಹೇಳಸ್ತೇನಿ. ನೀವು ಆ ಪುಸ್ತಕ ಮೊದಲ ಗಾಡ್ಯಾಗ ಇಟ್ಟ ಬಂದು ಕಿಟಕಿ ಬಾಜೂಕ ಕುಂಡರ್ರಿ. ಅದು ಕೈಯಾಗಿದ್ರ ಅಕಿ ಮೂಲಿ ಹಿಡೀತಾಳ" ಎಂದಳು.

ಗಂಡಸರೆಲ್ಲ ಹೊರಗೆ ಪೆಂಡಾಲಿನಲ್ಲಿ ಕೂತಿದ್ದರು. ನಾನು ಕಿಟಕಿಯ ಹತ್ತಿರದ ಕುರ್ಚಿಗೆ ಟವೆಲ್ಲು ಹಾಕಿ ಜಾಗ ಹಿಡಿದು, ಗಿರಿಜಾಳ ಚೀಲದಿಂದ ಪುಸ್ತಕ ಎತ್ತಿಕೊಂಡು ಕಾರಿಗೆ ನಡೆದೆ. ಸೀಟಿನ ಮೇಲೆ ಇಟ್ಟು ಬರುವುದಷ್ಟೇ ಕೆಲಸ. ಆದರೆ ಅವಳು ಗುರುತಿಗೆ ಮಡಚಿದ್ದ ಹಾಳೆ ಎದ್ದು ಕಾಣುತ್ತಿತ್ತು, ವೈರಿ ಸಾಯುವುದನ್ನು ಕಣ್ಣಾರೆ ನೋಡುವ ಆಸೆ ಯಾರಿಗಿಲ್ಲ? ಒಂದು ಪುಟ ಓದಿ ಹೋದರಾಯಿತೆಂದು ಒಳಗೆ ಕೂತೆ. ಪೆಂಡಾಲಿನ ಸ್ಪೀಕರಿನ ಗದ್ದಲಕ್ಕೆ ಕಾರಿನ ಗಾಜು ಏರಿಸಿದೆ. ಇಂದುವರ್ಮ ಮಲಪ್ರಭೆಯ ದಂಡೆಯಲ್ಲಿ ಬಿದ್ದಿದ್ದ. ಉಸಿರು ನಿಲ್ಲುತ್ತಿತ್ತು. ಶಿಲ್ಪಿಯ ಮಗಳು ಕೇತಕಿ ವಿಷ ಇಳಿಸುವ ಬೇರು ತರಲು ಮಹಾಕೂಟದ ಕಾಡಿಗೆ ಓಡಿದ್ದಳು. ಓಡು ತಾಯಿ ಎಂದುಕೊಂಡೆ. ಯಾವಾಗ ಪಕ್ಷ ಬದಲಿಸಿದೆನೋ ನನಗೇ ತಿಳಿಯಲಿಲ್ಲ. ಅವಳು ಬಂದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಾಗ ನನ್ನ ಕನ್ನಡಕ ಮಂಜಾಗಿತ್ತು. ಅವನು ಬದುಕಿದ, ಹಾಳಾಗಲಿ. ಪುಸ್ತಕ ಮುಚ್ಚಿ ಇಳಿದಾಗ ಒಳಗಿನಿಂದ ಹೆಂಗಸರು ಎಲೆ ಅಡಿಕೆ ಹಿಡಿದು ಹೊರಬರುತ್ತಿದ್ದರು.

ಎಲ್ಲರೂ ನನ್ನ ಮುಖ ನೋಡಿ ನಗುತ್ತಿದ್ದರು. ಒಬ್ಬ ಅಜ್ಜಿ ಅಡ್ಡಗಟ್ಟಿ, ನಿಮ್ಮ ಹೆಸರನ್ನು ಇಷ್ಟು ಚಂದ ಕಟ್ಟಿದ ಹೆಂಡತಿ ಸಿಕ್ಕಿದ್ದಾಳೆ, ಪುಣ್ಯ ಮಾಡಿದ್ದೀರಿ ಎಂದಳು. ಸರೋಜಕ್ಕ ದೂರದಿಂದ ಗೆದ್ದವಳ ಹಾಗೆ ಹುಬ್ಬು ಹಾರಿಸಿದಳು. ಕಿಟಕಿಯ ಬಳಿ ನಾನು ಜಾಗ ಹಿಡಿದಿದ್ದ ಕುರ್ಚಿಯಲ್ಲಿ ಯಾರೋ ದೂರದ ಬೀಗರು ಕೂತು, ನನ್ನದೇ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತ, ಭಾಳ ಚಂದಿತ್ತು ಬಿಡ್ರಿ ಎಂದರು. ಏನು ಹೇಳಿದಳೆಂದು ಅವರನ್ನೇ ಕೇಳಿದೆ. ಸಾಲು ನೆನಪಿಲ್ಲ, ಹೆಸರು ಮಾತ್ರ ಗಟ್ಟಿಯಾಗಿ ಹೇಳಿದರು ಎಂದರು.

ವಾಪಸು ಬರುವಾಗ ಗಿರಿಜಾ ಪುಸ್ತಕ ತೆರೆಯಲಿಲ್ಲ. ಕೈಯ ಹಸಿರು ಬಳೆ ತಿರುವುತ್ತ ಕೂತಿದ್ದಳು. ಮುಖದಲ್ಲಿ ಮದುವೆಯ ದಿನದ ನಾಚಿಕೆ.

"ಅಕ್ಕ ಹೇಳಿದ್ಲು, ನೀವು ಕಿಟಕ್ಯಾಗ ಕುಂತಿದ್ರೆಂತ. ಹೆಂಗಿತ್ರಿ?"

"ಭಾಳ ಚಂದಿತ್ತು ಬಿಡು" ಎಂದೆ. ಬೀಗರ ಮಾತು ಉಪಯೋಗಕ್ಕೆ ಬಂತು.

"ನಿಮಗ ಕೇಳಸ್ಲಿ ಅಂತನ ಜೋರ ಹೇಳಿದೆ" ಎಂದು ಅವಳು ನಕ್ಕಳು. ಆಮೇಲೆ ನಿಶ್ಚಿಂತೆಯಿಂದ ಪುಸ್ತಕ ಕೈಗೆತ್ತಿಕೊಂಡು, ಇನ್ನು ಇಂದುವರ್ಮನ ಗತಿ ಏನಾಗಿದೆಯೋ ನೋಡಬೇಕು, ಎದಿ ಡವಗುಡತೈತಿ ಎಂದಳು. ಅವಳ ಆತಂಕ ನೋಡಲಾಗಲಿಲ್ಲ ನೋಡಿ. ನಾನೂ ಆ ಆತಂಕ ದಾಟಿ ಬಂದವನು.

"ಚಿಂತಿ ಮಾಡಬ್ಯಾಡ" ಎಂದೆ, "ಉಳಿತಾನ. ಕೇತಕಿ ಬೇರು ತರ್ತಾಳ."

ಪುಸ್ತಕ ನಿಧಾನಕ್ಕೆ ಮಡಿಲಿಗಿಳಿಯಿತು. ಬಾಗಲಕೋಟೆಯವರೆಗೆ ಅವಳು ನನ್ನನ್ನು 'ರೀ' ಎಂದೂ ಕರೆಯಲಿಲ್ಲ.

ಇಂದುವರ್ಮನ ಮೇಲೆ ನನಗೀಗ ಸಿಟ್ಟಿಲ್ಲ, ನಾವಿಬ್ಬರೂ ಒಂದೇ ಬಾಣ ತಿಂದವರು. ಈಗ ನನ್ನ ಹೊಟ್ಟೆಕಿಚ್ಚೆಲ್ಲ ಇಲಕಲ್ಲಿನಲ್ಲಿ ಇನ್ನೂ ಹುಟ್ಟಬೇಕಾದ ಒಂದು ಕೂಸಿನ ಮೇಲೆ. ಆ ಮನೆಯಲ್ಲಿ ತಾಯಿಯ ಹೊಟ್ಟೆಯೊಳಗಿದ್ದ ಅದಕ್ಕೂ ಕೇಳಿಸಿದೆ, ನನಗೆ ಕೇಳಿಸಲಿಲ್ಲ.