ಕಾಕಾನ ಬಂದೂಕು, ಚಿಗವ್ವನ ಚಿಲಕ

ಲೈಸೆನ್ಸು ಸಹಿತ ಬಂದೂಕು ಇಟ್ಟುಕೊಂಡು ಇಪ್ಪತ್ತು ವರ್ಷದಲ್ಲಿ ಒಂದು ಸೊಳ್ಳೆಯನ್ನೂ ಕೊಲ್ಲದ ಶೂರ ನವಲಗುಂದ ಸೀಮೆಯಲ್ಲಿ ಯಾರಾದರೂ ಇದ್ದರೆ ಅವನು ನಮ್ಮ ಕಾಕಾ! ಅಹಿಂಸೆಯ ವ್ರತ ಹಿಡಿದಿದ್ದಾನೆ ಎಂದುಕೊಳ್ಳಬೇಡಿ. ಒಮ್ಮೆ ಪಡಸಾಲೆಯಲ್ಲಿ ಚೇಳು ಬಂದಾಗ ಬಂದೂಕನ್ನೇ ತಿರುವಿ ಹಿಡಿದು ಅದನ್ನು ಜಜ್ಜಲು ಕೈ ಎತ್ತಿದ್ದ. ಎತ್ತಿದ ಕೈ ಹಾಗೇ ನಿಂತಿತು. ಬಂದೂಕಿನ ಹಿಡಿಯ ಕಟ್ಟಿಗೆಗೆ ಹಿಂದಿನ ದಿನವಷ್ಟೇ ಪಾಲಿಶ್ ಆಗಿತ್ತು. ಕಾಕಾ ಕಟ್ಟಿಗೆಯನ್ನು ನೋಡಿದ, ಚೇಳನ್ನು ನೋಡಿದ, ಪಕ್ಕಕ್ಕೆ ಸರಿದು ಚೇಳಿಗೆ ದಾರಿ ಬಿಟ್ಟ!

ಬಂದೂಕು ಎಂದೊಡನೆ ನೀವು ದೊಡ್ಡದೇನನ್ನೋ ಕಲ್ಪಿಸಿಕೊಂಡಿದ್ದರೆ ಕ್ಷಮಿಸಿ. ಅದು ಶೇಂಗಾ ಬೀಜದಷ್ಟು ಗುಂಡು ಹಾರಿಸುವ ಪಾಯಿಂಟ್ ಟೂಟೂ ರೈಫಲ್ಲು. ಗೋವಿನಜೋಳದ ಹೊಲಕ್ಕೆ ನುಗ್ಗುವ ಹಂದಿಗಳನ್ನು ಸಪ್ಪಳ ಮಾಡಿ ಓಡಿಸಲೆಂದು ಕಾಕಾ ಬೆಳೆ ರಕ್ಷಣೆಯ ಲೈಸೆನ್ಸು ಮಾಡಿಸಿದ್ದ. ಹುಬ್ಬಳ್ಳಿಯ ಅಂಗಡಿಯಲ್ಲಿ ಇದ್ದುದರಲ್ಲೇ ಅಗ್ಗದ್ದನ್ನು ಆರಿಸಿದ. ಅಂಗಡಿಯವನು ಪ್ರಾಮಾಣಿಕ ಮನುಷ್ಯ, ಮೊದಲೇ ಹೇಳಿದನಂತೆ: "ಕಾಕಾರ, ಇದರ ಸಪ್ಪಳಕ್ಕ ಹಂದಿ ಓಡೂದಿಲ್ರಿ. ಯಾರೋ ಸೀನಿದ್ರು ಅಂತ ತಿಳೀತಾವ."

"ಇರ್ಲಿ ಕೊಡೋ. ನಾ ಸುಧಾರಸ್ತೇನಿ" ಎಂದ ಕಾಕಾ. ಅವನ ಮುಂದಿನ ಇಪ್ಪತ್ತು ವರ್ಷ ಈ ಒಂದು ಮಾತಿನಲ್ಲೇ ಕಳೆದವು.

ಬಂದೂಕು ಮನೆಗೆ ಬಂದ ದಿನ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಆರತಿ ಮಾಡಿದಳು, ಕುಂಕುಮ ಹಚ್ಚಿದಳು, ಆಮೇಲೆ ಸೆರಗು ಸೊಂಟಕ್ಕೆ ಸಿಗಿಸಿ ಕೇಳಿದಳು: "ಇದರಾಗ ಯಾವುದು ತಗದ್ರ ಇದು ಹಾರೂದಿಲ್ಲ?"

ಕಾಕಾ ಹಿಂಬದಿಯ ಕಬ್ಬಿಣದ ಬೋಲ್ಟನ್ನು ತೋರಿಸಿದ. ಬಾಗಿಲಿನ ಚಿಲಕದ ಹಾಗೆ ಅದನ್ನು ಮೇಲಕ್ಕೆತ್ತಿ ಹಿಂದಕ್ಕೆ ಎಳೆದು, ಗುಂಡು ಇಟ್ಟು, ಮುಂದಕ್ಕೆ ತಳ್ಳಬೇಕು. ಪೂರ್ತಿ ಎಳೆದರೆ ಕೈಗೇ ಬರುತ್ತದೆ.

"ಹಂಗಾರ ಈ ಚಿಲಕ ನನ್ನ ಕಡೆ ಇರ್ತೈತಿ" ಎಂದು ಚಿಗವ್ವ ಕೈ ಚಾಚಿದಳು.

ಅಂದಿನಿಂದ ಇದೇ ಕಾಯಿದೆ. ಬಂದೂಕು ಕಾಕಾನ ಕಪಾಟಿನಲ್ಲಿ, ಚಿಲಕ ಚಿಗವ್ವನ ಜೋಳದ ಕಣಜದಲ್ಲಿ. ಅದೂ ಚೀಲ ಹೊಲಿಯುವ ದಬ್ಬಣದ ಜೊತೆ ಒಂದೇ ಅರಿವೆಯ ಗಂಟಿನಲ್ಲಿ. ಗಂಡ ಹೆಂಡತಿ ಇಬ್ಬರೂ ಒಪ್ಪದೆ ಹಾರದ ಬಂದೂಕು ಜಗತ್ತಿನಲ್ಲಿ ಇದೊಂದೇ ಇರಬೇಕು!

ಒಂದು ಚುನಾವಣೆಯ ಕಾಲಕ್ಕೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಯಲ್ಲಿ ಜಮಾ ಮಾಡಬೇಕೆಂದು ಹೇಳಿಕಳಿಸಿದರು. ಕಾಕಾ ಹೊಸ ಟವೆಲಿನಲ್ಲಿ ಸುತ್ತಿ, ಮಗಳನ್ನು ಮೊದಲ ಸಲ ಗಂಡನ ಮನೆಗೆ ಕಳಿಸುವ ಮುಖ ಮಾಡಿಕೊಂಡು ಹೋದ. ಪೊಲೀಸಪ್ಪ ಬಿಚ್ಚಿ ನೋಡಿ, "ಯಜಮಾನ್ರ, ಬೋಲ್ಟ್ ಎಲ್ಲೈತ್ರಿ?" ಎಂದ.

"ಜ್ವಾಳದಾಗ ಐತ್ರಿ."

"ಅರ್ಧಾ ಬಂದೂಕ ಜಮಾ ಮಾಡ್ಕೊಳ್ಳಾಕ ಬರೂದಿಲ್ರಿ. ಉಳಿದರ್ಧಾ ತರಸ್ರಿ."

ಮಧ್ಯಾಹ್ನದ ಬಸ್ಸಿಗೆ ಚಿಗವ್ವ ಬಂದಳು. ಠಾಣೆಯ ಮೇಜಿನ ಮೇಲೆ ಗಂಟು ಬಿಚ್ಚಿದಳು. ಮೊದಲು ರೊಟ್ಟಿ ಬಂದವು, ಆಮೇಲೆ ಬದನೆಕಾಯಿ ಪಲ್ಯ, ಕಟ್ಟಕಡೆಗೆ ಶೇಂಗಾ ಚಟ್ನಿ ಮೆತ್ತಿಕೊಂಡ ಬೋಲ್ಟು! ಪೊಲೀಸಪ್ಪ ಬೋಲ್ಟು ಒರೆಸಿ ಜಮಾ ಮಾಡಿಕೊಂಡ. ಎರಡು ರೊಟ್ಟಿಯನ್ನೂ ಜಮಾ ಮಾಡಿಕೊಂಡ, ಆದರೆ ಅವಕ್ಕೆ ರಸೀದಿ ಕೊಡಲಿಲ್ಲ.

ಇನ್ನು ಸುಧಾರಣೆಯ ವಿಷಯಕ್ಕೆ ಬರೋಣ. ಮೊದಲು ಕಟ್ಟಿಗೆ. ಅಂಗಡಿಯಿಂದ ಬಂದ ಕಟ್ಟಿಗೆ ಹಣ್ಣಿನ ಪೆಟ್ಟಿಗೆಯ ಹಲಗೆಯಂತಿತ್ತು, ನಿಜ. ಕಾಕಾ ಮುರಿದ ಚಕ್ಕಡಿಯ ಜಾಲಿ ಮರದ ನೊಗವನ್ನು ಬಡಿಗೇರ ಮೌನಪ್ಪನಿಗೆ ಕೊಟ್ಟು, ಹೆಗಲಿಗೆ ಆನಿಸುವ ಹಿಡಿ ಮಾಡೆಂದ. ಮೌನಪ್ಪ ಹುಟ್ಟಿದಂದಿನಿಂದ ಕುಂಟಿ, ಕೂರಿಗೆ, ನೇಗಿಲು ಮಾಡಿದವನು. ಅವನ ಕೈಗೆ ಬೇರೆ ಆಕಾರ ಬರಬೇಕಲ್ಲ! ತಿಂಗಳ ನಂತರ ಬಂದೂಕು ನೋಡಿದ ಚಿಗವ್ವ, "ಎತ್ತು ಎಲ್ಲಿ ಅದಾವ್ರಿ ಇದನ್ನ ಹೂಡಾಕ?" ಎಂದಳು. ಅದನ್ನು ಕೆತ್ತಿ ಕೆತ್ತಿ ಬಂದೂಕಿನ ಹದಕ್ಕೆ ತರಲು ಕಾಕಾನಿಗೆ ಎರಡು ಮಳೆಗಾಲ ಹಿಡಿದವು.

ಆಮೇಲೆ ಹೆಗಲಿಗೆ ತೂಗುಹಾಕುವ ಪಟ್ಟಿ. ಎಲ್ಲರೂ ಚರ್ಮದ ಪಟ್ಟಿ ಹಾಕಿಸಿದರೆ ಇವನು ನವಲಗುಂದದಲ್ಲಿ ಜಮಖಾನ ನೇಯುವ ಅಕ್ಕನೊಬ್ಬಳ ಮನೆಬಾಗಿಲಿಗೆ ಹೋಗಿ ನಿಂತ. "ಬಂದೂಕಿಗೆ ಜಮಖಾನಾ ಹಾಸ್ತೀರೇನ್ರಿ?" ಎಂದು ಆಕೆ ನಕ್ಕಳಂತೆ. ನಕ್ಕರೂ ಕೆಂಪು ಹಳದಿಯಲ್ಲಿ ನವಿಲು ಮೂಡಿಸಿ ಮೂರು ಬೆರಳಗಲದ ಪಟ್ಟಿ ನೇಯ್ದು ಕೊಟ್ಟಳು. ಅದನ್ನು ಹೆಗಲಿಗೇರಿಸಿ ಕಾಕಾ ಹೊಲಕ್ಕೆ ಹೊರಟರೆ ಯಾವುದೋ ಮದುವೆಗೆ ಹಾಸಲು ಹೊರಟವನಂತೆ ಕಾಣುತ್ತಿದ್ದ. ಬೆರಳಿನಿಂದ ಎಳೆಯುವ ಕುದುರೆ ಗಟ್ಟಿಯಾಗಿದೆ ಎಂದು ಹುಬ್ಬಳ್ಳಿಗೆ ಒಯ್ದು ಹದ ಮಾಡಿಸಿದ. ಎಣ್ಣೆಗಂತೂ ಚಿಗವ್ವನ ಹೊಲಿಗೆ ಮಷಿನ್ನಿನ ಬಾಟಲಿ ಇದ್ದೇ ಇತ್ತು. ಮಷಿನ್ನು ಕಿರುಗುಟ್ಟಿದಾಗಲೆಲ್ಲ ಬಂದೂಕು ಮಿಂಚುತ್ತಿದೆ ಎಂದು ನಾವು ತಿಳಿದುಕೊಳ್ಳುತ್ತಿದ್ದೆವು.

ಆದರೆ ಕಾಕಾ ಅತಿ ಹೆಚ್ಚು ಸುಧಾರಿಸಿದ್ದು ನಳಿಗೆಯ ತುದಿಯ ಕಾಳನ್ನು. ಗುರಿ ಹಿಡಿಯಲು ಅಲ್ಲಿ ಅಕ್ಕಿಕಾಳಿನಷ್ಟು ಕಬ್ಬಿಣದ ಮೊಳಕೆಯೊಂದು ಇರುತ್ತದೆ. ಅದು ಸರಿಯಾಗಿ ಕಾಣುವುದಿಲ್ಲ ಎಂದು ಒಂದು ವರ್ಷ ಸುಣ್ಣ ಹಚ್ಚಿದ. ಮುಂದೆ ಕುಂಕುಮ. ಅದರ ಮುಂದೆ ಗ್ಯಾರೇಜಿನಿಂದ ತಂದ ರೇಡಿಯಂ ಸ್ಟಿಕರು. ಅದೂ ಸಾಲದೆ ಕಾಳಿನ ಮೇಲೆ ಬೆಸುಗೆ ಹಾಕಿಸಿ ಕಡಲೆಕಾಳು ಮಾಡಿದ.

"ಕಾಕಾ, ಇನ್ನೊಂದ ವರ್ಷಕ್ಕ ನಿಂಬಿಹಣ್ಣ ಆಗತೈತಿ" ಎಂದು ನಾನು ಕೆಣಕಿದೆ.

"ಮಾಸ್ತರಕಿ ಮಾಡ್ಕೊಂಡ ಸುಮ್ನಿರಲೇ. ಕಬ್ಬಿಣ ಸವೀತೈತಿ" ಎಂದ. ನಾನು ಅಣ್ಣಿಗೇರಿಯಲ್ಲಿ ಮಾಸ್ತರನಾದ ದಿನದಿಂದ ಅವನಿಗೆ ನನ್ನ ಹೆಸರು ಮರೆತಿದೆ.

ಒಂದು ಸಂಜೆ ಬದುವಿನಲ್ಲಿ ಹಂದಿ ಮಲಗಿದೆ ಎಂದು ನನ್ನನ್ನೂ ಕರೆದೊಯ್ದ. ಎರೆಮಣ್ಣಿನಲ್ಲಿ ಹೊಟ್ಟೆ ಎಳೆದುಕೊಂಡು ಅರ್ಧ ತಾಸು ತೆವಳಿದೆವು. ಇಪ್ಪತ್ತು ಹೆಜ್ಜೆ ಉಳಿದಾಗ ನಾನು ಪಿಸುಗುಟ್ಟಿದೆ: "ಕಾಕಾ, ಚಿಲಕ?"

"ಆಕಿ ಕಡೆ."

"ಮತ್ತ ಯಾಕ ತೆವಳಾಕತ್ತೇವಿ?"

"ಹೆದರಸಾಕ ಬಂದೇವಿ, ಹೊಡ್ಯಾಕಲ್ಲ" ಎಂದು ಎದ್ದು ನಿಂತು ಹೋ ಎಂದು ಕೂಗಿದ. ಹಂದಿ ಅಲುಗಲಿಲ್ಲ. ಹೇಗೆ ಅಲುಗೀತು? ಅದು ಟ್ರ್ಯಾಕ್ಟರಿನ ಹಳೆಯ ಟಯರು! ಈ ಕಥೆಯನ್ನು ನಾನು ಅಣ್ಣಿಗೇರಿಯ ಸ್ಟಾಫ್ ರೂಮಿನಿಂದ ಅಳ್ನಾವರದ ಬೀಗರ ಮನೆಯವರೆಗೆ ಹೇಳಿ ನಗಿಸಿದ್ದೇನೆ. ಅರವತ್ತು ದಾಟಿದ ಮನುಷ್ಯ ಟಯರನ್ನು ಹಂದಿ ಎಂದನಲ್ಲ, ಯಾಕೆ ಎಂದು ಮಾತ್ರ ಒಂದು ದಿನವೂ ಯೋಚಿಸಲಿಲ್ಲ. ಓದಿದವರ ಲಕ್ಷಣ ನೋಡಿ!

ಕಾಕಾ ಗುಂಡು ಹಾರಿಸುತ್ತಿದ್ದುದು ವರ್ಷಕ್ಕೆ ಒಂದೇ ದಿನ, ಎಳ್ಳಮಾವಾಸ್ಯೆಗೆ. ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭರ್ತ, ಎಣ್ಣೆಗಾಯಿ ಉಂಡ ಮೇಲೆ ಈ ಕಾರ್ಯಕ್ರಮ. ದೊಡ್ಡ ಒಡ್ಡಿನ ಮಣ್ಣಿಗೆ ಎಣ್ಣೆ ಡಬ್ಬಿಯ ತಗಡಿನ ಮುಚ್ಚಳವೊಂದನ್ನು ಸಿಗಿಸುತ್ತಿದ್ದರು. ಎಲ್ಲರೂ ಕಾಕಾನ ಬೆನ್ನ ಹಿಂದೆ. ಮೂರೇ ಗುಂಡು. ಮುಗಿದೊಡನೆ ಕಾಕಾ ಚಿಲಕ ಕಿತ್ತು ಚಿಗವ್ವನ ಕೈಗೆ ಕೊಡುವುದು, ಅವಳು ಅದನ್ನು ಗಂಟಿನಲ್ಲಿ ಕಟ್ಟಿ ಸೊಂಟಕ್ಕೆ ಸಿಗಿಸಿಕೊಂಡು ಒಬ್ಬಳೇ ನಡೆದುಹೋಗಿ ಮುಚ್ಚಳ ತರುವುದು. ಬೇರೆ ಯಾರೂ ಹೋಗುವಂತಿಲ್ಲ.

"ಬಡೀತ್ರಿ!" ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ಪ್ರತಿ ವರ್ಷ ಬಡಿಯುತ್ತಿತ್ತು. ಮುಚ್ಚಳದಲ್ಲಿ ತೂತು ಇರುತ್ತಿತ್ತು. ಆ ಮುಚ್ಚಳಗಳನ್ನು ಕಾಕಾ ದನದ ಕೊಟ್ಟಿಗೆಯ ಗೋಡೆಗೆ ಸಾಲಾಗಿ ಮೊಳೆ ಹೊಡೆದು ತೂಗುಹಾಕಿದ್ದ. ಬಂದ ಬೀಗರು ಚಹಾ ಕುಡಿಯುವ ಮೊದಲು ಆ ಪದಕಗಳನ್ನು ನೋಡಲೇಬೇಕು.

ಹೀಗಿರುವಾಗ ಲೈಸೆನ್ಸು ನವೀಕರಿಸುವ ಕಾಲ ಬಂತು. ಈ ಸಲ ಡಾಕ್ಟರ ಸರ್ಟಿಫಿಕೇಟು ಬೇಕೇ ಬೇಕು, ಅದರಲ್ಲೂ ಕಣ್ಣಿನದು. ಇಲ್ಲದಿದ್ದರೆ ಬಂದೂಕು ಠಾಣೆಗೆ ಹೋಗುತ್ತದೆ, ಮರಳಿ ಬರುವುದಿಲ್ಲ. ಕಾಕಾ ಎರಡು ದಿನ ಬಂದೂಕು ಒರೆಸುತ್ತ ಕೂತ. ಮೂರನೇ ದಿನ ನನಗೆ ಫೋನು ಮಾಡಿದ.

"ಮಾಸ್ತರ, ನಿನ್ನ ಚಾಳೀಸಿನ ನಂಬರ್ ಬದಲಿಸೂದೈತಿ ಅಂದಿದ್ದಿ ಹೌದಿಲ್ಲೋ? ಆ ಕಣ್ಣಿನ ಡಾಕ್ಟರಬಾಯಿ ಕಡೆ ಹೋಗು. ಅಲ್ಲಿ ಅಕ್ಷರದ ಚಾರ್ಟ್ ಇರ್ತೈತಿ. ಎಲ್ಲಾ ಬರಕೊಂಡ ಬಾ."

ನಾನು ಮಕ್ಕಳಿಗೆ ಕಾಪಿ ಹೊಡೆಯಬೇಡಿರೆಂದು ಹೇಳಿ ಸಂಬಳ ತೆಗೆದುಕೊಳ್ಳುವವನು. ಹೋಗಿ ಬರೆದುಕೊಂಡು ಬಂದೆ! ಕಾಕಾ ಎಂಟು ದಿನ ಹೊಲದಲ್ಲಿ ಓಡಾಡುತ್ತ "ರ… ಗ ಪ… ಟ ನ ದ…" ಎಂದು ಬಾಯಿಪಾಠ ಮಾಡಿದ.

ದವಾಖಾನೆಯಲ್ಲಿ ಡಾಕ್ಟರಬಾಯಿ ಅವನನ್ನು ಕುರ್ಚಿಗೆ ಕೂರಿಸಿ, ಎಡಗಣ್ಣು ಮುಚ್ಚಿ, "ಓದ್ರಿ ಅಜ್ಜಾರ" ಎಂದಳು. ಕಾಕಾ ಎದುರಿನ ಗೋಡೆಯತ್ತ ಎದೆ ಸೆಟೆಸಿ ಶುರುಮಾಡಿದ. ಮೊದಲ ಸಾಲಿನಿಂದ ಕಟ್ಟಕಡೆಯ ಇರುವೆಯಂಥ ಸಾಲಿನವರೆಗೆ ಒಂದೂ ತಪ್ಪಿಲ್ಲ. ನನಗೇ ಹೆಮ್ಮೆಯಾಯಿತು.

"ಭಾಳ ಚಂದ ಓದಿದ್ರಿ ಅಜ್ಜಾರ" ಎಂದಳು ಡಾಕ್ಟರಬಾಯಿ. "ಆದ್ರ ಅದು ಕ್ಯಾಲೆಂಡರ್ ಐತ್ರಿ. ಚಾರ್ಟ್ ಬಾಜೂ ಗ್ವಾಡಿಗೈತಿ."

ಎರಡೂ ಕಣ್ಣಿಗೆ ಮೋತಿಬಿಂದು, ಅಂದರೆ ಪೊರೆ. ಬಲಗಣ್ಣಿನದು ಬಹಳ ವರ್ಷದ್ದು, ಮಾಗಿ ಕೂತಿದೆ ಎಂದಳು.

"ಕಣ್ಣಿಗೇನೂ ಆಗಿಲ್ರಿ ಬಾಯಾರ" ಎಂದ ಕಾಕಾ ಸಣ್ಣ ದನಿಯಲ್ಲಿ. "ಬಂದೂಕಿನ ಕಾಳ ಸವದೈತಿ."

ಆ ಕ್ಷಣ ನನ್ನ ತಲೆಯೊಳಗೆ ಸುಣ್ಣ, ಕುಂಕುಮ, ರೇಡಿಯಂ, ಕಡಲೆಕಾಳು, ಟಯರು ಎಲ್ಲ ಒಂದರ ಹಿಂದೊಂದು ಸಾಲಾಗಿ ಬಂದು ನಿಂತವು. ಇಷ್ಟು ವರ್ಷ ಕಾಕಾ ಕಣ್ಣು ಮಂಜಾದಷ್ಟೂ ಬಂದೂಕನ್ನು ರಿಪೇರಿ ಮಾಡುತ್ತ ಬಂದಿದ್ದ. ನಾವು ನಗುತ್ತ ಬಂದಿದ್ದೆವು.

ಆಪರೇಷನ್ ಎಂದರೆ ಮಾತ್ರ ಒಲ್ಲೆನೆಂದ. ಬಂದೂಕು ಹೋದರೆ ಹೋಗಲಿ, ಕಣ್ಣಿಗೆ ಕತ್ತಿ ಬೇಡ ಎಂದು ಮುಖ ಗೋಡೆಗೆ ಮಾಡಿ ಮಲಗಿದ. ಚಿಗವ್ವ ಕಣಜದಿಂದ ಗಂಟು ತೆಗೆದು ಹಿತ್ತಲ ಬಾವಿಯ ಕಡೆ ನಡೆದಳು.

"ಏ, ಎಲ್ಲಿಗೆ ಹೊಂಟಿ?"

"ಚಿಲಕ ಬಾವ್ಯಾಗ ಒಗೀತೇನ್ರಿ. ಹ್ವಾಗೂ ಬಂದೂಕಿಗೆ ಚಿಲಕ್ಯಾಕ?"

ಕಾಕಾ ಮರುದಿನವೇ ಹುಬ್ಬಳ್ಳಿಯ ಬಸ್ಸು ಹತ್ತಿದ!

ಒಂದಾದ ಮೇಲೊಂದು ಎರಡೂ ಕಣ್ಣು ಮುಗಿದವು. ಮನೆಗೆ ಬಂದವನು ಕರಿ ಕನ್ನಡಕ ತೆಗೆದು ಮೊದಲು ಹೆಂಡತಿಯ ಮುಖ ನೋಡಿದ. ಬಹಳ ಹೊತ್ತು ನೋಡಿದ.

"ನಿನ್ನ ತಲಿ ಯಾವಾಗ ಇಷ್ಟ ಬೆಳ್ಳಗಾತು?"

"ನೀವು ಬಂದೂಕ ಒರಸೂಮುಂದ" ಎಂದು ಚಿಗವ್ವ ಒಳಗೆ ಹೋದಳು.

ಸರ್ಟಿಫಿಕೇಟು ಸಿಕ್ಕಿತು, ಲೈಸೆನ್ಸಿಗೆ ಠಸ್ಸೆ ಬಿತ್ತು. ಆ ಖುಷಿಯಲ್ಲಿ ಕಾಕಾ ನನ್ನನ್ನು ಕೊಟ್ಟಿಗೆಗೆ ಎಳೆದೊಯ್ದ, ಪದಕಗಳನ್ನು ಹೊಸ ಕಣ್ಣಿನಿಂದ ನೋಡಲು. ಒಂದು ಮುಚ್ಚಳ ಇಳಿಸಿ ಬೆಳಕಿಗೆ ಹಿಡಿದ. ಅವನ ನಗು ನಿಧಾನಕ್ಕೆ ನಿಂತಿತು. ಕಿಸೆಯಿಂದ ಒಂದು ಗುಂಡು ತೆಗೆದು ಆ ತೂತಿಗೆ ಇಟ್ಟ. ಹೋಗಲಿಲ್ಲ. ಇನ್ನೊಂದು ಮುಚ್ಚಳ ಇಳಿಸಿದ. ಅದಕ್ಕೂ ಹೋಗಲಿಲ್ಲ. ಹಳೆಯ ನಾಲ್ಕಾರು ಬಿಟ್ಟರೆ ಒಂದು ತೂತಿಗೂ ಆ ಶೇಂಗಾ ಬೀಜದಷ್ಟು ಗುಂಡು ತೂರಲಿಲ್ಲ. ದಬ್ಬಣವಾದರೆ ಸರಿಯಾಗಿ ತೂರುತ್ತಿತ್ತು.

ಎಮ್ಮೆಯೊಂದು ನನ್ನ ಪರವಾಗಿ ಉಸಿರು ಬಿಟ್ಟಿತು. ಕಾಕಾ ಮುಚ್ಚಳಗಳನ್ನು ಒಂದೊಂದಾಗಿ ಒರೆಸಿ ಅದೇ ಮೊಳೆಗೆ ಅದೇ ಸಾಲಿನಲ್ಲಿ ತೂಗುಹಾಕಿದ.

"ಆಕಿ ಮುಂದ ಬಾಯಿ ಬಿಟ್ಟಿ ಅಂದ್ರ ನೋಡು" ಎಂದಷ್ಟೇ ಹೇಳಿದ.

ಎಳ್ಳಮಾವಾಸ್ಯೆ ಬಂತು. ಚರಗ ಚೆಲ್ಲಿದೆವು, ಉಂಡೆವು. ಒಡ್ಡಿನ ಮಣ್ಣಿಗೆ ಹೊಸ ಮುಚ್ಚಳ ಬಿತ್ತು. ಕಾಕಾ ಕಾಳಿನ ಮೇಲಿನ ಬೆಸುಗೆಯನ್ನೆಲ್ಲ ಉಜ್ಜಿ ತೆಗೆಸಿ ಮತ್ತೆ ಅಕ್ಕಿಕಾಳು ಮಾಡಿಸಿದ್ದ. ಚಿಗವ್ವ ಚಿಲಕ ಕೊಟ್ಟಳು. ನಾನು ಅವನ ಬೆನ್ನ ಹಿಂದೆಯೇ ನಿಂತು ಕಣ್ಣು ಕೀಲಿಸಿ ನೋಡಿದೆ. ಮೊದಲ ಗುಂಡಿಗೆ ಮುಚ್ಚಳದಿಂದ ಒಂದು ಮೊಳ ಎಡಕ್ಕೆ ಮಣ್ಣು ಹಾರಿತು. ಎರಡನೆಯದೂ ಅಲ್ಲೇ. ಮೂರನೆಯದೂ ಅಲ್ಲೇ. ಮೂರೂ ಸೇರಿ ಒಂದು ರೂಪಾಯಿ ನಾಣ್ಯದಷ್ಟು ಜಾಗ! ಮುಚ್ಚಳ ಬಿಟ್ಟು ಬೇಕೆಂದೇ ಅಲ್ಲಿಗೆ ಇಟ್ಟ ಅಂಥ ಗುರಿಯನ್ನು ಇಪ್ಪತ್ತು ವರ್ಷದಲ್ಲಿ ಅವನು ಒಮ್ಮೆಯೂ ಹೊಡೆದಿರಲಿಲ್ಲ. ನಾನು ಬಾಯಿ ತೆರೆದೆ. ಕಾಕಾ ಹಿಂದಕ್ಕೆ ನೋಡದೆಯೇ ನನ್ನ ಕಾಲು ತುಳಿದ.

ಚಿಲಕ ಕಿತ್ತು ಚಿಗವ್ವನಿಗೆ ಕೊಟ್ಟ. ಅವಳು ಗಂಟು ಸೊಂಟಕ್ಕೆ ಸಿಗಿಸಿಕೊಂಡು ಕಡಲೆ ಸಾಲಿನ ನಡುವೆ ಮೆಲ್ಲನೆ ನಡೆದು ಹೋದಳು. ನಮಗೆ ಬೆನ್ನು ಮಾಡಿ ಬಾಗಿದಳು. ಈ ಸಲ ಎಂದಿಗಿಂತ ತುಸು ಹೆಚ್ಚು ಹೊತ್ತೇ ಹಿಡಿಯಿತು.

"ಬಡೀತ್ರಿ!"

ತಂದು ಕೊಟ್ಟಳು. ಕಾಕಾ ಮುಚ್ಚಳವನ್ನು ತಿರುಗಿಸಿ ನೋಡಿದ. "ಮೂರು ಹೊಡದೇನಿ, ತೂತ ಒಂದ ಐತಲ್ಲ?"

"ಮೂರೂ ಒಂದರಾಗ ಹೋಗ್ಯಾವ್ರಿ. ನೋಡ್ರಿ, ಅಗದಿ ನಟ್ಟನಡುವ" ಎಂದಳು ಚಿಗವ್ವ, ಕಣ್ಣು ಕಿರಿದು ಮಾಡಿ ಮುಚ್ಚಳವನ್ನೇ ನೋಡುತ್ತ.

ತೂತು ನಡುವೆ ಇರಲಿಲ್ಲ. ಅಂಚಿನಲ್ಲಿತ್ತು, ಇನ್ನೊಂದು ಕೂದಲೆಳೆ ಸರಿದಿದ್ದರೆ ಮುಚ್ಚಳದ ಹೊರಗೇ ಹೋಗುತ್ತಿತ್ತು. ಅವಳ ಹೆಬ್ಬೆರಳಿನ ತುದಿಯಲ್ಲಿ ದಬ್ಬಣ ಚುಚ್ಚಿದ ಒಂದು ಹನಿ ರಕ್ತವೂ ಇತ್ತು.

ಕಾಕಾ ತೂತು ನೋಡಿದ, ಬೆರಳು ನೋಡಿದ. ಟವೆಲಿನ ತುದಿಯಿಂದ ಆ ಹನಿಯನ್ನು, ಬಂದೂಕು ಒರೆಸುವಷ್ಟೇ ಜತನದಿಂದ ಒರೆಸಿದ.

"ಹೌದ ನೋಡು" ಎಂದ. "ನಟ್ಟನಡುವ."

ಅವಳು ಬುತ್ತಿಯ ಪಾತ್ರೆ ತೊಳೆಯಲು ಹೋದ ಮೇಲೆ ನನ್ನ ಹತ್ತಿರ ಸರಿದು ದನಿ ತಗ್ಗಿಸಿದ.

"ಮಾಸ್ತರ, ಸೋಮವಾರ ಇಕಿನ್ನ ಡಾಕ್ಟರಬಾಯಿ ಕಡೆ ಕರಕೊಂಡ ಹೋಗೂಣು. ಈ ಸಲ ಚಾರ್ಟ್ ಬರಕೊಂಡ ಬರಬ್ಯಾಡ."